ವೀಸಾ ಸಿಕ್ಕರೆ ಸಾಕೇ? ಭಾನುವಾರಕ್ಕೂ ತಯಾರಿ ಬೇಕು

ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್‌ಗಳಲ್ಲಿ ‘ಫಾರಿನ್’ ಎಂದರೆ ಬಹುಕಾಲ ಅಮೆರಿಕ ಎಂದೇ ಅರ್ಥವಾಗಿತ್ತು. ಈಗ ಆ ಅರ್ಥ ಬದಲಾಗುತ್ತಿದೆ. 2025ರ ಸೆಪ್ಟೆಂಬರ್ 19ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಹೊಸ ಎಚ್‌–1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ವಿಧಿಸುವ ಆದೇಶಕ್ಕೆ ಸಹಿ ಹಾಕಿದರು. ನಮ್ಮ ಲೆಕ್ಕದಲ್ಲಿ ಅದು ಆಗ ಸುಮಾರು 88 ಲಕ್ಷ ರೂಪಾಯಿ. ಈಗಷ್ಟೇ ಡಿಗ್ರಿ ಮುಗಿಸಿದ ಹುಡುಗನಿಗಾಗಿ ಯಾವ ಕಂಪನಿ ಅಷ್ಟು ಹಣ ಕಟ್ಟೀತು?

ಇದೇ ಹೊತ್ತಿಗೆ ಬೇರೆ ಬಾಗಿಲುಗಳು ತೆರೆಯುತ್ತಿವೆ. ಭಾರತದ ನುರಿತ ಕೆಲಸಗಾರರಿಗೆ ವರ್ಷಕ್ಕೆ ಕೊಡುವ ವೀಸಾಗಳನ್ನು 20 ಸಾವಿರದಿಂದ 90 ಸಾವಿರಕ್ಕೆ ಏರಿಸುವುದಾಗಿ ಜರ್ಮನಿ 2024ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಅದೇ ವರ್ಷದ ಜೂನ್ 1ರಿಂದ ಅಲ್ಲಿ ‘ಚಾನ್ಸೆನ್‌ಕಾರ್ಟೆ’, ಅಂದರೆ ಅವಕಾಶದ ಕಾರ್ಡ್ ಜಾರಿಯಲ್ಲಿದೆ. ಪದವಿ, ಅನುಭವ, ಭಾಷೆ, ವಯಸ್ಸುಗಳಿಗೆ ಅಂಕ ಕೊಟ್ಟು, ಕನಿಷ್ಠ ಆರು ಅಂಕ ಬಂದವರಿಗೆ ಅಲ್ಲೇ ಹೋಗಿ ಒಂದು ವರ್ಷದವರೆಗೆ ಕೆಲಸ ಹುಡುಕಲು ಬಿಡುವ ವ್ಯವಸ್ಥೆ ಇದು. 2025ರ ಆಗಸ್ಟ್‌ನಲ್ಲಿ ಭಾರತ ಮತ್ತು ಜಪಾನ್ ಕೂಡ, ಐದು ವರ್ಷಗಳಲ್ಲಿ 50 ಸಾವಿರ ನುರಿತ ಭಾರತೀಯರು ಜಪಾನಿಗೆ ಹೋಗುವಂತೆ ಗುರಿ ಇಟ್ಟುಕೊಂಡವು.

ಹೀಗಾಗಿ ಕ್ಯಾಂಟೀನಿನಲ್ಲಿ ಕುಳಿತರೆ ವೀಸಾ, ಸಂಬಳ, ಎಜುಕೇಷನ್ ಲೋನ್ ಇವೇ ಮಾತು. ಯಾರೂ ಕೇಳದ ಪ್ರಶ್ನೆ ಒಂದಿದೆ: ಅಲ್ಲಿಗೆ ಹೋದ ಮೇಲೆ ಶನಿವಾರ, ಭಾನುವಾರ ಏನು ಮಾಡುತ್ತೀರಿ? ಕೇಳಲು ಹಗುರ ಅನ್ನಿಸಬಹುದು. ಆದರೆ ವಾರದ ಐದು ದಿನ ಕೆಲಸವೇ ನಮ್ಮನ್ನು ಎಬ್ಬಿಸಿ, ಕೂರಿಸಿ, ಮಲಗಿಸುತ್ತದೆ. ಪರದೇಶದಲ್ಲಿ ಬೇರು ಬಿಡುತ್ತೇವೋ, ನಾಲ್ಕು ಗೋಡೆಗಳ ಮಧ್ಯೆ ಒಬ್ಬರೇ ಕೊರಗುತ್ತೇವೋ, ಗೊತ್ತಿಲ್ಲದ ನೀರಿಗೆ ಇಳಿದು ಪ್ರಾಣಕ್ಕೇ ಕುತ್ತು ತಂದುಕೊಳ್ಳುತ್ತೇವೋ ಎಂಬುದು ತೀರ್ಮಾನವಾಗುವುದು ಉಳಿದ ಎರಡು ದಿನಗಳಲ್ಲಿ.

ಫೋಟೊ ಹಿಂದೆ ಒಂದು ಕಾನೂನು

ನಮ್ಮ ಅಥಣಿ ತಾಲ್ಲೂಕಿನ ಸತ್ತಿಯಂಥ ಊರುಗಳಿಂದಲೂ ಈಗ ಹುಡುಗರು ಹೊರದೇಶಕ್ಕೆ ಹೋಗುತ್ತಿದ್ದಾರೆ. ಅವರು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕುವ ಫೋಟೊಗಳಲ್ಲಿ ಆಫೀಸು ಕಾಣುವುದಿಲ್ಲ. ಹಿಮದ ಗುಡ್ಡ, ನೀಲಿ ಕೆರೆ, ಬೆನ್ನಿಗೊಂದು ಚೀಲ ಕಾಣುತ್ತವೆ. ಅದನ್ನು ನೋಡಿ ಕಟ್ಟೆಯ ಮೇಲೆ ಕುಳಿತ ಹಿರಿಯರೊಬ್ಬರು, ‘ಇಂವಾ ದುಡಿಯಾಕ ಹೋಗ್ಯಾನೋ, ಗುಡ್ಡಾ ಹತ್ತಾಕ ಹೋಗ್ಯಾನೋ?’ ಎಂದು ಕೇಳಿದ್ದರು. ಮಗನ ಹೆಸರಿನಲ್ಲಿ ಸಾಲ ಮಾಡಿ, ಕಬ್ಬಿನ ಬಿಲ್ಲಿಗೆ ಕಾಯುತ್ತಿರುವ ಮನೆಗಳಿರುವ ಊರಿನಲ್ಲಿ ಈ ಪ್ರಶ್ನೆ ಸಹಜ.

ಅದಕ್ಕೆ ಉತ್ತರ ಮ್ಯೂನಿಕ್ ಕಡೆ ಕೆಲಸಕ್ಕಿರುವ ನಮ್ಮ ಸೀನಿಯರ್ ಒಬ್ಬರಿಂದ ಸಿಕ್ಕಿತು: ‘ತಮ್ಮಾ, ಇಲ್ಲೆ ಭಾನುವಾರ ಅಂಗಡಿನೂ ತೆಗಿಯೂದಿಲ್ಲ. ಗುಡ್ಡಕ್ಕ ಹೋಗಲಿಲ್ಲಂದ್ರ ಗೋಡಿ ಜೋಡಿ ಮಾತಾಡಬೇಕಾಗ್ತೈತಿ.’

ಅವರು ಹೇಳಿದ್ದು ತಮಾಷೆಗಾದರೂ ಅದರ ಹಿಂದೆ ಒಂದು ವ್ಯವಸ್ಥೆ ಇದೆ. ಜರ್ಮನಿಯಲ್ಲಿ ಭಾನುವಾರದ ವಿಶ್ರಾಂತಿಗೆ ಸಂವಿಧಾನದ ರಕ್ಷಣೆಯೇ ಇದೆ. ದಿನದ ಕೆಲಸ ಸಾಮಾನ್ಯವಾಗಿ ಎಂಟು ಗಂಟೆ. ಹತ್ತು ಗಂಟೆಗೆ ಏರಿಸಿದರೂ ಆರು ತಿಂಗಳ ಸರಾಸರಿ ಎಂಟನ್ನು ದಾಟುವಂತಿಲ್ಲ. ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ 11 ಗಂಟೆ ಬಿಡುವು ಇರಬೇಕು. ವಾರಕ್ಕೆ ಐದು ದಿನ ದುಡಿಯುವವರಿಗೆ ವರ್ಷಕ್ಕೆ ಕನಿಷ್ಠ 20 ದಿನ ಸಂಬಳಸಹಿತ ರಜೆ ಕಾನೂನಿನ ಹಕ್ಕು. ಬವೇರಿಯಾ ರಾಜ್ಯದ ಸಂವಿಧಾನವಂತೂ ಒಂದು ಹೆಜ್ಜೆ ಮುಂದೆ ಹೋಗಿ, ಕಾಡು, ಬೆಟ್ಟದ ಹುಲ್ಲುಗಾವಲುಗಳಲ್ಲಿ ಓಡಾಡುವುದನ್ನು, ಪ್ರಕೃತಿಯ ಚೆಲುವನ್ನು ಅನುಭವಿಸುವುದನ್ನು ಎಲ್ಲರ ಹಕ್ಕು ಎಂದು ಬರೆದಿಟ್ಟಿದೆ.

ಹಕ್ಕಿನ ಜೊತೆಗೆ ಅಗ್ಗದ ದಾರಿಯೂ ಇದೆ. 2023ರ ಮೇ ತಿಂಗಳಲ್ಲಿ ಶುರುವಾದ ‘ಡಾಯಿಚ್‌ಲಾಂಡ್ ಟಿಕೆಟ್’ ಎಂಬ ತಿಂಗಳ ಪಾಸ್ ಇದ್ದರೆ ಇಡೀ ದೇಶದ ನಗರ ಸಾರಿಗೆ ಮತ್ತು ಪ್ರಾದೇಶಿಕ ರೈಲುಗಳಲ್ಲಿ ಓಡಾಡಬಹುದು. 49 ಯೂರೊ ಇದ್ದ ದರ 2025ರಲ್ಲಿ 58ಕ್ಕೆ, 2026ರಲ್ಲಿ 63ಕ್ಕೆ ಏರಿದೆ. ಆದರೂ ಕಚೇರಿಗೆ ಹೋಗುವ ಪಾಸಿನಲ್ಲೇ ಶನಿವಾರ ಆಲ್ಪ್ಸ್ ಬುಡಕ್ಕೂ ಹೋಗಬಹುದು. ಕಾರಿಲ್ಲದ, ಸಾಲ ತೀರಿಸುತ್ತಿರುವ ಹೊಸಬನಿಗೆ ಇದಕ್ಕಿಂತ ಕಡಿಮೆ ಖರ್ಚಿನ ಮನರಂಜನೆ ಅಲ್ಲಿ ಸಿಗುವುದು ಕಷ್ಟ. ಬುತ್ತಿ ಕಟ್ಟಿಕೊಂಡರೆ ಹೋಟೆಲ್ ಬಿಲ್ಲೂ ಇಲ್ಲ.

ನಮ್ಮಲ್ಲಿ ಚರ್ಚೆ ನಡೆಯುತ್ತಿರುವ ದಿಕ್ಕು ನೋಡಿ. ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದು ಇನ್ಫೊಸಿಸ್‌ನ ನಾರಾಯಣ ಮೂರ್ತಿ 2023ರಲ್ಲಿ ಹೇಳಿದರು. 2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿ ಮುಖ್ಯಸ್ಥ ಎಸ್.ಎನ್. ಸುಬ್ರಹ್ಮಣ್ಯನ್ ಅವರ 90 ಗಂಟೆಯ, ಭಾನುವಾರವೂ ದುಡಿಸುವ ಮಾತು ದೇಶದಾದ್ಯಂತ ಸುದ್ದಿಯಾಯಿತು. ಇಂಥ ವಾತಾವರಣದಲ್ಲಿ ಬೆಳೆದ ನಮಗೆ ರಜೆ ಎಂದರೆ ಸೋಮಾರಿತನ ಎಂಬ ಅಳುಕು ಒಳಗೇ ಕುಳಿತಿರುತ್ತದೆ. ಹೊರದೇಶಕ್ಕೆ ಹೋದವರು ಆ ಅಳುಕನ್ನೂ ಲಗೇಜಿನಲ್ಲಿ ಹೊತ್ತೊಯ್ಯುತ್ತಾರೆ.

ಭಾಷೆ ಬಾರದಿದ್ದರೆ ಭಾನುವಾರ ಭಾರ

ಐಟಿ ಕಂಪನಿಯಲ್ಲಿ ಇಂಗ್ಲಿಷ್ ನಡೆಯುತ್ತದೆ. ಬಸ್ ನಿಲ್ದಾಣದಲ್ಲಿ, ಡಾಕ್ಟರ ಹತ್ತಿರ, ಗುಡ್ಡದ ದಾರಿಯ ಎಚ್ಚರಿಕೆ ಫಲಕದ ಮುಂದೆ ನಡೆಯುತ್ತದೆ ಎಂಬ ಖಾತ್ರಿ ಇಲ್ಲ. ಜರ್ಮನಿಯ ‘ಬ್ಲೂ ಕಾರ್ಡ್’ ಪಡೆದ ಎಂಜಿನಿಯರ್ ಅಲ್ಲಿನ ಭಾಷೆಯ ಮೊದಲ ಹಂತ, ಎ1 ಮುಗಿಸಿದ್ದರೆ 27 ತಿಂಗಳ ನಂತರ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಬಿ1 ಮುಗಿಸಿದ್ದರೆ 21 ತಿಂಗಳಿಗೇ. ಭಾಷೆ ಕಲಿತವರಿಗೆ ಆರು ತಿಂಗಳು ಉಳಿತಾಯ. ಇದು ಕಾಗದದ ಲೆಕ್ಕ. ಬದುಕಿನ ಲೆಕ್ಕದಲ್ಲಿ ಲಾಭ ಇನ್ನೂ ದೊಡ್ಡದು.

ಅಲ್ಲಿನವರ ಜೊತೆ ಸ್ನೇಹ ಕಚೇರಿಗಿಂತ ಕ್ಲಬ್ಬುಗಳಲ್ಲಿ ಬೆಳೆಯುತ್ತದೆ. 1869ರಲ್ಲಿ ಹುಟ್ಟಿದ ಜರ್ಮನ್ ಆಲ್ಪೈನ್ ಕ್ಲಬ್ಬಿಗೆ ಸುಮಾರು 15 ಲಕ್ಷ ಸದಸ್ಯರಿದ್ದಾರೆ. ಗುಡ್ಡದ ಮೇಲಿನ ತಂಗುಮನೆಗಳು, ದಾರಿಗಳ ದುರಸ್ತಿ, ಹೊಸಬರಿಗೆ ತರಬೇತಿ ಎಲ್ಲವನ್ನೂ ಅದು ನೋಡಿಕೊಳ್ಳುತ್ತದೆ. ಸದಸ್ಯತ್ವದ ಜೊತೆಗೇ ಬೆಟ್ಟದಲ್ಲಿ ಅಪಘಾತವಾದರೆ ರಕ್ಷಣೆಯ ವಿಮೆಯೂ ಬರುತ್ತದೆ. ನಮ್ಮೂರ ಭಜನಾ ಮಂಡಳಿ, ಗಣೇಶ ಮಂಡಳಿಗಳಲ್ಲಿ ಹೇಗೆ ಯಾರೂ ಹೊರಗಿನವರಾಗಿ ಉಳಿಯುವುದಿಲ್ಲವೋ, ಹತ್ತು ಕಿಲೊಮೀಟರ್ ಜೊತೆಗೆ ನಡೆದವರೂ ಹಾಗೆಯೇ. ಮ್ಯೂನಿಕ್‌ನ ಸಿರಿಗನ್ನಡಕೂಟ, ಫ್ರಾಂಕ್‌ಫರ್ಟ್ ಭಾಗದ ರೈನ್‌ಮೈನ್ ಕನ್ನಡ ಸಂಘಗಳು ಯುಗಾದಿ, ರಾಜ್ಯೋತ್ಸವಗಳಲ್ಲಿ ನಮ್ಮವರನ್ನು ಸೇರಿಸುತ್ತವೆ. ಮೊದಲ ವರ್ಷದ ಮನೆನೆನಪಿಗೆ ಅವು ದೊಡ್ಡ ಆಸರೆ. ಆದರೆ ವರ್ಷದಲ್ಲಿ 52 ಭಾನುವಾರಗಳಿವೆ. ಎಲ್ಲವೂ ಹಬ್ಬದ ದಿನಗಳಲ್ಲ.

ಕೃಷ್ಣೆಯಲ್ಲಿ ಈಜಿದ ಧೈರ್ಯ

ಕೃಷ್ಣಾ ತೀರದ ಊರಿನವರಿಗೆ ನೀರಿನ ಭಯ ಕಡಿಮೆ. ಎಲ್ಲಿ ಮಡು ಇದೆ, ಎಲ್ಲಿ ಸುಳಿ, ಯಾವ ದಂಡೆಯಲ್ಲಿ ಮೊಸಳೆ ಬಿಸಿಲಿಗೆ ಮಲಗುತ್ತದೆ ಎಂಬುದನ್ನು ಮನೆಯ ಹಿರಿಯರೇ ಹೇಳಿಕೊಟ್ಟಿರುತ್ತಾರೆ. 2019ರ ಆಗಸ್ಟ್‌ನ ಮಹಾಪೂರ ಕಂಡವರಿಗೆ ಅದೇ ನದಿ ಹೇಗೆ ಬದಲಾಗುತ್ತದೆ ಎಂಬುದೂ ಗೊತ್ತು. ನಮ್ಮ ಧೈರ್ಯದ ಹಿಂದೆ ಇರುವುದು ಈ ಸ್ಥಳೀಯ ತಿಳಿವಳಿಕೆ. ಹೊರದೇಶದ ನೀರಿನ ಬಗ್ಗೆ ಅದನ್ನು ಹೇಳಿಕೊಡುವ ಕಾಕಾ, ಅಜ್ಜ ಅಲ್ಲಿ ಇರುವುದಿಲ್ಲ.

2024ರ ಒಂದೇ ವರ್ಷದ ಸುದ್ದಿಗಳನ್ನು ನೆನಪಿಸಿಕೊಳ್ಳಿ. ಜನವರಿಯಲ್ಲಿ ಆಸ್ಟ್ರೇಲಿಯಾದ ಫಿಲಿಪ್ ದ್ವೀಪದಲ್ಲಿ, ಜೀವರಕ್ಷಕರ ಕಾವಲಿಲ್ಲದ ಕಡಲತೀರದಲ್ಲಿ ಭಾರತೀಯ ಮೂಲದ ನಾಲ್ವರು ಮುಳುಗಿದರು. ಏಪ್ರಿಲ್‌ನಲ್ಲಿ ಸ್ಕಾಟ್ಲೆಂಡಿನ ಲಿನ್ ಆಫ್ ಟಮೆಲ್ ಎಂಬಲ್ಲಿ ಗೆಳೆಯರ ಜೊತೆ ಚಾರಣಕ್ಕೆ ಹೋಗಿದ್ದ ಆಂಧ್ರಪ್ರದೇಶದ ಇಬ್ಬರು ವಿದ್ಯಾರ್ಥಿಗಳು ನೀರುಪಾಲಾದರು. ಜೂನ್‌ನಲ್ಲಿ ರಷ್ಯಾದ ವೋಲ್ಖೊವ್ ನದಿಯಲ್ಲಿ ನಾಲ್ವರು ಭಾರತೀಯ ವೈದ್ಯಕೀಯ ವಿದ್ಯಾರ್ಥಿಗಳು ಸತ್ತರು; ತೊಂದರೆಗೆ ಸಿಕ್ಕವರನ್ನು ಎಳೆದುಕೊಳ್ಳಲು ಹೋಗಿ ಉಳಿದವರೂ ಸಿಕ್ಕಿಕೊಂಡಿದ್ದರು. ಸತ್ತವರಲ್ಲಿ ಹೆಚ್ಚಿನವರು ಎಳೆಯರು, ಒಂದು ಬಿಡುವಿನ ದಿನ ಹೊರಗೆ ಹೋದವರು.

ಯಾಕೆ ಹೀಗಾಗುತ್ತದೆ? ಒಂದು ಕಾರಣ ತಣ್ಣೀರು. ಸುಮಾರು 15 ಡಿಗ್ರಿಗಿಂತ ತಂಪಾದ ನೀರಿಗೆ ದಿಢೀರನೆ ಬಿದ್ದರೆ ದೇಹ ತನ್ನಿಂತಾನೇ ಏದುಸಿರು ಬಿಡುತ್ತದೆ. ಆ ಕ್ಷಣ ತಲೆ ನೀರಿನೊಳಗಿದ್ದರೆ ಶ್ವಾಸಕೋಶಕ್ಕೇ ನೀರು. ಎದೆಬಡಿತ ಏರುತ್ತದೆ, ಉಸಿರು ಹಿಡಿತಕ್ಕೆ ಬರುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಕೈಕಾಲಿನ ಸ್ನಾಯುಗಳು ಸೋಲುತ್ತವೆ. ಇದಕ್ಕೆ ಈಜು ಬರುತ್ತದೋ ಇಲ್ಲವೋ ಎಂಬ ಭೇದವಿಲ್ಲ. ಹಿಮ ಕರಗಿ ಬಂದ ನೀರು ಹೊರಗೆ ಸುಡುಬಿಸಿಲಿದ್ದಾಗಲೂ ತಣ್ಣಗೇ ಇರುತ್ತದೆ. ಬಿದ್ದರೆ ಈಜಲು ಒದ್ದಾಡದೆ, ಬೆನ್ನ ಮೇಲೆ ತೇಲುತ್ತ ಉಸಿರು ಸಮಸ್ಥಿತಿಗೆ ಬರುವವರೆಗೆ ಕಾಯಬೇಕು ಎನ್ನುತ್ತಾರೆ ಬ್ರಿಟನ್ನಿನ ಜೀವರಕ್ಷಕರು. ಸಮುದ್ರದಲ್ಲಿ ಒಳಕ್ಕೆ ಎಳೆಯುವ ಸೆಳೆತಕ್ಕೆ ಸಿಕ್ಕರೆ ದಡದ ಕಡೆಗೆ ಗುದ್ದಾಡದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬರಬೇಕು.

ಬೆಟ್ಟದ್ದೂ ಒಂದು ಲೆಕ್ಕವಿದೆ. ಸಾವಿರ ಮೀಟರ್ ಏರಿದಂತೆ ತಾಪಮಾನ ಸುಮಾರು ಆರು ಡಿಗ್ರಿ ಇಳಿಯುತ್ತದೆ. ಮ್ಯೂನಿಕ್ ಇರುವುದು ಸುಮಾರು 520 ಮೀಟರ್ ಎತ್ತರದಲ್ಲಿ. ಜರ್ಮನಿಯ ಅತಿ ಎತ್ತರದ ಶಿಖರ ತ್ಸುಗ್‌ಸ್ಪಿಟ್ಸೆ 2,962 ಮೀಟರ್. ಕೆಳಗೆ 20 ಡಿಗ್ರಿ ಇದ್ದಾಗ ಮೇಲೆ ಐದರ ಆಸುಪಾಸು. ಟಿ–ಶರ್ಟ್, ಸಾದಾ ಶೂ ಹಾಕಿ ಹೊರಟವನ ಗತಿ ಏನು? ಬೇಸಿಗೆಯ ಮಧ್ಯಾಹ್ನ ಆಲ್ಪ್ಸ್‌ನಲ್ಲಿ ಗುಡುಗು–ಸಿಡಿಲಿನ ಮಳೆ ಸಾಮಾನ್ಯ. ಅದಕ್ಕೇ ಅಲ್ಲಿನವರು ಬೆಳಗಿನ ಜಾವವೇ ಹೊರಡುತ್ತಾರೆ. ತುರ್ತಿಗೆ ಯುರೋಪಿನಾದ್ಯಂತ 112. ನೆಟ್‌ವರ್ಕ್ ಇಲ್ಲದಿದ್ದರೆ ನಿಮಿಷಕ್ಕೆ ಆರು ಬಾರಿ ಬೆಳಕು ಅಥವಾ ಸೀಟಿ, ಒಂದು ನಿಮಿಷ ಬಿಡುವು, ಮತ್ತೆ ಆರು ಬಾರಿ: ಇದು ಆಲ್ಪ್ಸ್‌ನಲ್ಲಿ ನೆರವು ಕೇಳುವ ಸಂಕೇತ.

ಇಲ್ಲಿಂದಲೇ ಶುರು ಮಾಡೋಣ

ಎಲ್ಲರಿಗೂ ಕೆಲಸ ಕಾದಿದೆ ಎಂದು ನಂಬಿಸುವ ಏಜೆಂಟರ ಮಾತು ಕೇಳಿ ಹೊರಡಬಾರದು. ಜರ್ಮನಿಯಲ್ಲೇ 2025ರ ಆಗಸ್ಟ್‌ನಲ್ಲಿ ನಿರುದ್ಯೋಗಿಗಳ ಸಂಖ್ಯೆ ಹತ್ತು ವರ್ಷಗಳಲ್ಲಿ ಮೊದಲ ಬಾರಿಗೆ 30 ಲಕ್ಷ ದಾಟಿತು. ಹೊರದೇಶದ ಉದ್ಯೋಗದ ಬಗ್ಗೆ ವಿಚಾರಿಸಲು ರಾಜ್ಯ ಸರ್ಕಾರದ್ದೇ ಆದ ಇಂಟರ್‌ನ್ಯಾಷನಲ್ ಮೈಗ್ರೇಷನ್ ಸೆಂಟರ್ ಇದೆ. ಮೊದಲು ಅಲ್ಲಿ ಕೇಳುವುದು ಒಳ್ಳೆಯದು.

ಉಳಿದ ತಯಾರಿಗೆ ವೀಸಾ ಬರುವವರೆಗೆ ಕಾಯಬೇಕಿಲ್ಲ. ಬೆಂಗಳೂರಿನ ಮ್ಯಾಕ್ಸ್‌ಮುಲ್ಲರ್ ಭವನದಲ್ಲಿ ಜರ್ಮನ್ ಕಲಿಸುತ್ತಾರೆ. ಸಾಹಸ ಕಲಿಯಲು ರಾಜ್ಯದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಕಾಲೇಜುಗಳಲ್ಲಿ ಎನ್‌ಸಿಸಿ, ಎನ್‌ಎಸ್‌ಎಸ್ ಇವೆ. ಪ್ಲೇಸ್‌ಮೆಂಟ್ ಸೆಲ್‌ಗಳು ರೆಸ್ಯೂಮೆ ಬರೆಯುವುದನ್ನು ಹೇಳಿಕೊಟ್ಟಂತೆ ಪ್ರಥಮ ಚಿಕಿತ್ಸೆಯ ಒಂದು ದಿನದ ತರಬೇತಿಯನ್ನೂ ಇಟ್ಟುಕೊಳ್ಳಬಹುದಲ್ಲ?

ಶಿಸ್ತನ್ನೂ ಇಲ್ಲೇ ರೂಢಿಸಿಕೊಳ್ಳಬೇಕು. 2024ರ ಜನವರಿಯಲ್ಲಿ ಕುಮಾರ ಪರ್ವತದ ಚಾರಣಕ್ಕೆ ಸಾವಿರಾರು ಜನ ಒಮ್ಮೆಲೇ ನುಗ್ಗಿದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಬೇಕಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಲ್ಲಿ, ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಪ್ರಾಣ ಕಳೆದುಕೊಂಡರು. ಖಾನಾಪುರದ ಕಾಡಿನ ಜಲಪಾತಕ್ಕೆ ಮಳೆಗಾಲದಲ್ಲಿ ಹೋಗಬೇಡಿ ಎಂದರೂ ಬೇಲಿ ಹಾರುವ ನಾವು, ಗಡಿ ದಾಟಿದ ಕೂಡಲೇ ನಿಯಮ ಪಾಲಿಸುತ್ತೇವೆಯೇ?

ಹೊರಡುವ ಗೆಳೆಯ–ಗೆಳತಿಯರಿಗೆ ಮನೆಯವರು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟೇ ಕೊಡುತ್ತಾರೆ. ನೀವು ಒಂದು ಮಾತು ಕೊಟ್ಟು ಹೊರಡಿ. ಪ್ರತಿ ಶನಿವಾರ ಎಲ್ಲಿಗೆ ಹೋಗುತ್ತೀರಿ, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸ್ ಎಂದು ಮನೆಗೊಂದು, ಅಲ್ಲಿನ ಗೆಳೆಯರಿಗೊಂದು ಮೆಸೇಜ್ ಹಾಕಿ. ಗುಡ್ಡದ ಫೋಟೊ ಆಮೇಲೆ ಬರಲಿ. ‘ಮನೆ ಮುಟ್ಟಿದೆ’ ಎಂಬ ಮೆಸೇಜ್ ಅದಕ್ಕಿಂತ ಮೊದಲು ಬರಲಿ.

– ಬಿಇ ವಿದ್ಯಾರ್ಥಿ, ಸತ್ತಿ, ಅಥಣಿ ತಾಲ್ಲೂಕು