ಗಮನ ನಿಲ್ಲದ ಮಕ್ಕಳು: ಬಳ್ಳಾರಿ ಮಾದರಿ ಬಾಕಿ ಉಳಿಸಿದ ಕೆಲಸ

1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಅವಿಭಜಿತ ಬಳ್ಳಾರಿ ಜಿಲ್ಲೆಯಲ್ಲಿ ಒಂದು ದೊಡ್ಡ ಪ್ರಯೋಗಕ್ಕೆ ಕೈಹಾಕಿತು. ಮಾನಸಿಕ ಕಾಯಿಲೆಯವರು ಬೆಂಗಳೂರು, ಧಾರವಾಡಗಳಿಗೆ ಅಲೆಯಬಾರದು, ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಔಷಧಿ ಸಿಗಬೇಕು ಎಂಬುದು ಅದರ ಗುರಿ. ಸಾಮಾನ್ಯ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಅದನ್ನು ಸಾಧಿಸಿ ತೋರಿಸಿದರು. ‘ಬಳ್ಳಾರಿ ಮಾದರಿ’ ಎಂದೇ ಹೆಸರಾದ ಅದನ್ನು ಆಧರಿಸಿ 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪಿಸಿತು. ನಮ್ಮ ತಾಲ್ಲೂಕುಗಳಾದ ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಆಗ ಆ ಜಿಲ್ಲೆಯಲ್ಲೇ ಇದ್ದವು. ಕೊಟ್ಟೂರು ಕೂಡ್ಲಿಗಿ ತಾಲ್ಲೂಕಿನೊಳಗಿತ್ತು. ಇಡೀ ದೇಶಕ್ಕೆ ದಾರಿ ತೋರಿಸಿದ ನೆಲವಿದು.

ಆ ಮಾದರಿಯ ಕಣ್ಣು ನೆಟ್ಟಿದ್ದು ತೀವ್ರ ಮನೋರೋಗ, ಮೂರ್ಛೆರೋಗ, ಬುದ್ಧಿಮಾಂದ್ಯದಂಥ ಎದ್ದು ಕಾಣುವ ತೊಂದರೆಗಳ ಮೇಲೆ. ಆಗಿನ ಅಗತ್ಯ ಅದೇ ಆಗಿತ್ತು. ತರಗತಿಯ ಕೊನೆಯ ಸಾಲಿನಲ್ಲಿ ಚಡಪಡಿಸುವ ಹುಡುಗ, ಕಿಟಕಿಯಾಚೆ ನೋಡುತ್ತ ಕೂತ ಹುಡುಗಿ ಅದರ ಲೆಕ್ಕಕ್ಕೆ ಬರಲಿಲ್ಲ. ನಲವತ್ತು ವರ್ಷಗಳಾದರೂ ಆ ಮಕ್ಕಳು ಪೂರ್ತಿ ಲೆಕ್ಕಕ್ಕೆ ಬಂದಿಲ್ಲ. ವೈದ್ಯರು ಎಡಿಎಚ್‌ಡಿ ಎನ್ನುವ, ಗಮನ ನಿಲ್ಲದಿರುವುದು, ಅತಿಯಾದ ಚಟುವಟಿಕೆ, ಹಿಂದುಮುಂದು ನೋಡದೆ ನುಗ್ಗುವ ಸ್ವಭಾವಗಳ ಈ ತೊಂದರೆ ಜಗತ್ತಿನಲ್ಲಿ ನೂರಕ್ಕೆ ಸುಮಾರು ಐದು ಮಕ್ಕಳಲ್ಲಿದೆ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಂದಾಜು. ನಲವತ್ತು ಮಕ್ಕಳ ತರಗತಿಯಲ್ಲಿ ಇಬ್ಬರು ಎಂದಾಯಿತು.

ಈ ಭಾಗದಲ್ಲಿ ಮೇಷ್ಟ್ರ ಮುಂದೆ ತಾಯಂದಿರು ಆಡುವ ಮಾತೊಂದಿದೆ: ‘ಒಂದ್ ಕಡಿ ಕುಂದ್ರಾದಿಲ್ರಿ ಸರ್ ಇವ, ನೀವಾ ನಾಕು ಬಡ್ದು ಕುಂದರ್ಸ್ರಿ.’ ಅಪ್ಪನನ್ನು ಕೇಳಿದರೆ, ‘ನಾನೂ ಸಣ್ಣಾವಿದ್ದಾಗ ಹಿಂಗಾ ಇದ್ದೆ, ದೊಡ್ಡಾವಾದ್ರೆ ಸರಿಹೋಗ್ತಾನ’ ಎನ್ನುತ್ತಾನೆ. ತಾಯಿಯ ಮಾತಿನಲ್ಲಿ ಸೋತ ಜೀವದ ಅಸಹಾಯಕತೆ ಇದೆ. ಆದರೆ ಹೊಡೆತದಿಂದ ಗಮನ ನಿಲ್ಲುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಅದನ್ನು ನಿಷೇಧಿಸಿಯೂ ಇದೆ. ಅಪ್ಪನ ಮಾತನ್ನಂತೂ ವೈದ್ಯರು ಕಿವಿಗೊಟ್ಟು ಕೇಳಬೇಕು. ಎಡಿಎಚ್‌ಡಿ ಬಹುಮಟ್ಟಿಗೆ ವಂಶವಾಹಿಗಳ ಮೂಲಕ ಬರುವಂಥದ್ದು. ಕೆಲಸದ ಮೇಲೆ ಕೆಲಸ ಬಿಟ್ಟ, ಸಿಟ್ಟಿಗೆದ್ದು ಜಗಳ ತಂದುಕೊಂಡ, ಗಾಡಿ ಕೀಲಿಯಿಂದ ಸಾಲದ ಕಂತಿನವರೆಗೆ ಎಲ್ಲವನ್ನೂ ಮರೆಯುವ ಆ ಅಪ್ಪನಿಗೂ ಅದೇ ತೊಂದರೆ ಇರಬಹುದು, ಯಾರೂ ಗುರುತಿಸಿರಲಿಕ್ಕಿಲ್ಲ. ದೊಡ್ಡವರಾದಂತೆ ಓಡಾಟ, ಕುಣಿದಾಟ ಕಡಿಮೆಯಾಗುತ್ತದೆ. ಮರೆವು, ಅವ್ಯವಸ್ಥೆ, ದುಡುಕು ಅನೇಕರಲ್ಲಿ ಉಳಿಯುತ್ತವೆ. ವಯಸ್ಕರಲ್ಲಿ ಇದರ ಪ್ರಮಾಣ ನೂರಕ್ಕೆ ಎರಡು–ಮೂರು ಎಂಬ ಅಂದಾಜಿದೆ. ಅವರಿಗೂ ಚಿಕಿತ್ಸೆ ಇದೆ. ಮಗನನ್ನು ತೋರಿಸಲು ಬಂದ ತಂದೆಯನ್ನೂ ವೈದ್ಯರು ಕೂರಿಸಿಕೊಂಡು ಮಾತಾಡಿಸಿದರೆ ಒಂದು ಮನೆಯೇ ಉಸಿರಾಡೀತು.

ಹೆಣ್ಣುಮಕ್ಕಳ ಪಾಡು ಬೇರೆ. ಅನೇಕ ಹುಡುಗಿಯರು ಗಲಾಟೆ ಮಾಡುವುದಿಲ್ಲ, ಸುಮ್ಮನೆ ಕೂತು ಕನಸು ಕಾಣುತ್ತಾರೆ. ‘ದಡ್ಡಿ’ ಎಂದು ಅವರನ್ನು ಬಿಟ್ಟುಬಿಡುವುದೇ ಹೆಚ್ಚು.

ರೋಗನಿರ್ಣಯದ ವಿಚಾರದಲ್ಲಿ ಅವಸರ ಕೂಡದು. ಇದನ್ನು ಪತ್ತೆ ಹಚ್ಚುವ ರಕ್ತಪರೀಕ್ಷೆಯಿಲ್ಲ, ಸ್ಕ್ಯಾನಿಂಗ್ ಇಲ್ಲ. ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಾಣಿಸಿರಬೇಕು, ಕನಿಷ್ಠ ಆರು ತಿಂಗಳು ಇರಬೇಕು, ಮನೆ ಮತ್ತು ಶಾಲೆಯಂಥ ಎರಡು ಕಡೆಯಾದರೂ ಇರಬೇಕು, ಬದುಕಿಗೆ ಅಡ್ಡಿ ಮಾಡುತ್ತಿರಬೇಕು. ಕಿವಿ ಮಂದವಾಗಿರುವ, ಕಣ್ಣು ಕಾಣದ, ರಕ್ತಹೀನತೆಯಿಂದ ಬಳಲುವ, ನಿದ್ದೆಗೆಟ್ಟ, ಮನೆಯ ಕುಡಿತ–ಹೊಡೆತಕ್ಕೆ ಹೆದರಿದ ಮಗುವೂ ಪಾಠಕ್ಕೆ ಗಮನ ಕೊಡುವುದಿಲ್ಲ. ಅವೆಲ್ಲವನ್ನೂ ನೋಡಿಯೇ ಹೇಳಬೇಕು.

ನಮ್ಮ ತಾಲ್ಲೂಕುಗಳಲ್ಲಿ ನಿಜವಾದ ತೊಡಕು ಇರುವುದು ಇಲ್ಲಿಯೇ. ಮಳೆ ಕೈಕೊಟ್ಟ ವರ್ಷ ಕೂಡ್ಲಿಗಿ, ಹರಪನಹಳ್ಳಿಯ ಹಳ್ಳಿಗಳಿಂದ, ತಾಂಡಾಗಳಿಂದ ಕುಟುಂಬಗಳು ಗುಳೆ ಹೊರಡುತ್ತವೆ. ಮಗು ಕೆಲವು ತಿಂಗಳು ಅಜ್ಜಿಯ ಬಳಿ, ಕೆಲವು ತಿಂಗಳು ಕಾಫಿ ತೋಟದಲ್ಲೋ ಕಟ್ಟಡದ ಶೆಡ್ಡಿನಲ್ಲೋ ಕಳೆಯುತ್ತದೆ. ಆರು ತಿಂಗಳು ಸತತವಾಗಿ ಅದನ್ನು ನೋಡಿದ ಮೇಷ್ಟ್ರೇ ಸಿಗುವುದಿಲ್ಲ. ನಲಿ–ಕಲಿ ಪದ್ಧತಿಯ ಮೊದಲ ಮೂರು ತರಗತಿಗಳಲ್ಲಿ ಮಕ್ಕಳು ಗುಂಪಿನಿಂದ ಗುಂಪಿಗೆ ಓಡಾಡುತ್ತ ಕಲಿಯುವುದರಿಂದ ಚಡಪಡಿಸುವ ಮಗು ಅಲ್ಲಿ ಹೊಂದಿಕೊಂಡುಬಿಡುತ್ತದೆ. ನಾಲ್ಕನೇ ತರಗತಿಯಲ್ಲಿ ಸಾಲಾಗಿ ಕೂತು ಬೋರ್ಡ್ ನೋಡಿ ಬರೆಯುವಾಗ ತೊಂದರೆ ಬಯಲಿಗೆ ಬರುತ್ತದೆ. ‘ಮೂರನೇತ್ತವರೆಗೂ ಚಂದಿದ್ದ’ ಎಂದು ಪೋಷಕರು ಹೇಳುವುದರಲ್ಲಿ ಸತ್ಯವಿದೆ.

ವ್ಯವಸ್ಥೆ ಇಲ್ಲವೆಂದಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ತಪಾಸಣೆ ಮಾಡಬೇಕೆಂದು ಪಟ್ಟಿ ಮಾಡಿದ ತೊಂದರೆಗಳಲ್ಲಿ ಎಡಿಎಚ್‌ಡಿಯೂ ಇದೆ. ಆದರೆ ಅದರ ತಂಡ ಶಾಲೆಗೆ ಬರುವುದು ವರ್ಷಕ್ಕೊಮ್ಮೆ. ಹಲ್ಲು, ಕಣ್ಣು, ಹೃದಯವನ್ನು ಒಂದು ದಿನದಲ್ಲಿ ನೋಡಬಹುದು, ಗಮನವನ್ನು ನೋಡಲಾಗದು. ವರ್ಷವಿಡೀ ನೋಡುವವರು ಶಿಕ್ಷಕರು. ಅವರು ಬರೆದಿಟ್ಟ ಒಂದು ಪುಟ ಆ ತಂಡದ ಕೈಗೆ ಸಿಗುವಂತೆ ಮಾಡಲು ಹೊಸ ಅನುದಾನ ಬೇಕಿಲ್ಲ, ಆರೋಗ್ಯ ಮತ್ತು ಶಿಕ್ಷಣ ಇಲಾಖೆಗಳ ಒಂದು ಜಂಟಿ ಸುತ್ತೋಲೆ ಸಾಕು.

ಔಷಧಿಯ ಕತೆ ಇನ್ನೂ ಬಿಗಿ. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಸುಮಾರು ನೂರಕ್ಕೆ ಎಪ್ಪತ್ತು ಮಕ್ಕಳಲ್ಲಿ ಗುಣ ಕಾಣಿಸುತ್ತದೆ. ಹಸಿವು, ನಿದ್ದೆ ಕಡಿಮೆಯಾಗಬಹುದು. ತೂಕ, ಎತ್ತರ, ನಾಡಿ, ರಕ್ತದೊತ್ತಡ ನೋಡುತ್ತಲೇ ಇರಬೇಕು. ದುರ್ಬಳಕೆಯ ಭಯದಿಂದ ಕಾನೂನು ಇದನ್ನು ಅತಿ ನಿರ್ಬಂಧಿತ ಔಷಧಿಗಳ ಸಾಲಿಗೆ ಸೇರಿಸಿದೆ. ವಿಶೇಷ ಪರವಾನಗಿ ಇಲ್ಲದ ಅಂಗಡಿ ಮಾರುವಂತಿಲ್ಲ, 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯಂತೆ ವೈದ್ಯರು ಫೋನಿನಲ್ಲಿ ಬರೆದುಕೊಡುವಂತೆಯೂ ಇಲ್ಲ. ಹೀಗಾಗಿ ಹಡಗಲಿಯ ಕೂಲಿಯವರು ಒಂದು ದಿನದ ದುಡಿಮೆ ಬಿಟ್ಟು ಹೊಸಪೇಟೆಗೋ ಬಳ್ಳಾರಿಗೋ, ಹರಪನಹಳ್ಳಿಯವರು ದಾವಣಗೆರೆಗೋ ಬಸ್ಸು ಹತ್ತಬೇಕು. ನಿರ್ಬಂಧ ಇರಲಿ. ಆದರೆ ತಾಲ್ಲೂಕು ಆಸ್ಪತ್ರೆಯ ಔಷಧಾಲಯಕ್ಕೆ ಪರವಾನಗಿ ಕೊಟ್ಟು, ‘ಮನೋಚೈತನ್ಯ’ ಕಾರ್ಯಕ್ರಮದಡಿ ಮಂಗಳವಾರ ಅಲ್ಲಿಗೆ ಬರುವ ಮನೋವೈದ್ಯರ ಕೈಯಿಂದಲೇ ಇದು ಸಿಗುವಂತೆ ಮಾಡುವುದು ಅಸಾಧ್ಯದ ಮಾತೇ? ಮೂರ್ಛೆರೋಗದ ಮಾತ್ರೆಯನ್ನು ಹಳ್ಳಿಗೆ ಮುಟ್ಟಿಸಿದ ಜಿಲ್ಲೆಗೆ ಇದು ದೊಡ್ಡ ಕೆಲಸವಲ್ಲ.

ಮಾತ್ರೆಯೊಂದೇ ಮದ್ದಲ್ಲ ಎಂಬುದೂ ಅಷ್ಟೇ ನಿಜ. ಆರು ವರ್ಷದೊಳಗಿನ ಮಕ್ಕಳಿಗೆ ಮೊದಲು ಬೇಕಾದದ್ದು ತಂದೆ ತಾಯಿಗೆ ತರಬೇತಿ. ಶಾಲೆಯಲ್ಲಿ ಮುಂದಿನ ಸಾಲಿನಲ್ಲಿ ಕೂರಿಸುವುದು, ಒಂದು ಸಲಕ್ಕೆ ಒಂದೇ ಕೆಲಸ ಹೇಳುವುದು, ಹತ್ತು ಲೆಕ್ಕದ ಬದಲು ಮೂರು ಮೂರಾಗಿ ಕೊಡುವುದು, ನಡುವೆ ಎದ್ದು ಪುಸ್ತಕ ಹಂಚಲು ಬಿಡುವುದು, ಸರಿ ಮಾಡಿದ ಕೂಡಲೇ ಶಭಾಷ್ ಎನ್ನುವುದು ಕೆಲಸ ಮಾಡುತ್ತವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳಲ್ಲಿ ಕಲಿಕಾ ನ್ಯೂನತೆ, ಆಟಿಸಂ ಇವೆ, ಎಡಿಎಚ್‌ಡಿ ಇಲ್ಲ. ಪ್ರಮಾಣಪತ್ರದ ಬಲವಿಲ್ಲದ ಈ ಮಗುವಿಗೆ ಸದ್ಯಕ್ಕೆ ಶಿಕ್ಷಕರ ವಿವೇಚನೆಯೇ ರಿಯಾಯಿತಿ.

ಕೊಟ್ಟೂರಿಗೋ ಮೈಲಾರಕ್ಕೋ ಹರಕೆ ಹೊತ್ತವರು ಹೊರಲಿ, ತಾಯತ ಕಟ್ಟಿಸಿದವರು ಕಟ್ಟಿಸಲಿ. ಅದರ ಜೊತೆಗೆ, ಮೇಷ್ಟ್ರಿಂದ ಮಗುವಿನ ಬಗ್ಗೆ ನಾಲ್ಕು ಸಾಲು ಬರೆಸಿಕೊಂಡು ವೈದ್ಯರ ಬಳಿಗೂ ಹೋಗಿ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಟೆಲಿ–ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ದಿನದ 24 ಗಂಟೆಯೂ ಕನ್ನಡದಲ್ಲೇ ಮಾತಾಡುತ್ತಾರೆ.