ಅಜ್ಜಿಯ ನಡಿಗೆಯೂ ಲೆಕ್ಕಕ್ಕೆ ಬರಲಿ

ಕನ್ನಡ ತರಗತಿಗೆ ತಡವಾಗಿ ಬಂದ ಮಕ್ಕಳನ್ನು "ಯಾಕಪ್ಪಾ ತಡ?" ಎಂದು ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: "ಮಿಸ್, 880ರಲ್ಲಿ ಟ್ರಾಫಿಕ್ ಇತ್ತು." ಅಪಘಾತವೇನಾದರೂ ಆಗಿತ್ತೇ ಎಂದರೆ, "ಇಲ್ಲ ಮಿಸ್, ಮುಂದೆ ಹೋಗಿ ನೋಡಿದರೆ ಏನೂ ಇರಲಿಲ್ಲ. ಸುಮ್ಮನೆ ನಿಂತಿತ್ತು!" ಎನ್ನುತ್ತಾರೆ. ಮಕ್ಕಳು ನೆಪ ಹೇಳುತ್ತಿದ್ದಾರೆಂದು ನಾವು ನಕ್ಕು ಸುಮ್ಮನಾಗುತ್ತಿದ್ದೆವು. ಆದರೆ ಅವರು ಹೇಳುವುದು ನಿಜವೇ. ಕಾರಣವಿಲ್ಲದೆ ಟ್ರಾಫಿಕ್ ನಿಲ್ಲುವುದುಂಟು. ಅದು ಏಕೆಂದು ತಿಳಿಯಲು ವಿಜ್ಞಾನಿಗಳು ಅರವತ್ತು ಎಪ್ಪತ್ತು ವರ್ಷಗಳಿಂದ ಶ್ರಮಿಸಿದ್ದಾರೆ.

ನಿಜವಾದ ರಸ್ತೆಯಲ್ಲಿ ಮನಸ್ಸಿಗೆ ಬಂದಂತೆ ಪ್ರಯೋಗ ಮಾಡಲಾಗುವುದಿಲ್ಲ. ಸಿಗ್ನಲ್ ಕೆಡಿಸಿ, ಸೇತುವೆ ಮುಚ್ಚಿ, ಏನಾಗುತ್ತದೆ ನೋಡೋಣ ಎಂದರೆ ಜನ ಸುಮ್ಮನಿರುತ್ತಾರೆಯೇ? ಆದ್ದರಿಂದ ಮೊದಲು ಲೆಕ್ಕದಲ್ಲಿ ಒಂದು ರಸ್ತೆಯನ್ನು ಕಟ್ಟಬೇಕು. ಅದೇ ಮಾದರಿ. ಆ ಮಾದರಿಯನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡಬೇಕು. ಅದೇ ಸಿಮ್ಯುಲೇಶನ್. ನಮ್ಮ ಮಾತಿನಲ್ಲಿ ಹೇಳುವುದಾದರೆ, ಮದುವೆಗೆ ಮುಂಚೆ ಮನೆಯಲ್ಲಿ ಒಮ್ಮೆ ಸೀರೆ ಉಟ್ಟು ನೋಡಿದಂತೆ.

1955ರಲ್ಲಿ ಇಂಗ್ಲೆಂಡಿನ ಲೈಟ್‌ಹಿಲ್ ಮತ್ತು ವಿಥಮ್ ಎಂಬ ಇಬ್ಬರು ಗಣಿತಜ್ಞರು ನದಿಯ ಪ್ರವಾಹ ಹೇಗೆ ಸಾಗುತ್ತದೆ ಎಂದು ಲೆಕ್ಕ ಹಾಕಿದರು. ಅದೇ ಲೆಕ್ಕವನ್ನು ರಸ್ತೆಯ ಮೇಲಿನ ವಾಹನಗಳಿಗೂ ಅನ್ವಯಿಸಿದರು. 1992ರಲ್ಲಿ ಜರ್ಮನಿಯ ನಾಗೆಲ್ ಮತ್ತು ಶ್ರೆಕೆನ್‌ಬರ್ಗ್ ರಸ್ತೆಯನ್ನು ಚೌಕಾಬಾರದ ಮನೆಗಳಂತೆ ಭಾಗ ಮಾಡಿ, ಪ್ರತಿ ಕಾರಿಗೂ ಕೆಲವೇ ನಿಯಮ ಕೊಟ್ಟರು: ಸಾಧ್ಯವಾದರೆ ವೇಗ ಹೆಚ್ಚಿಸು, ಮುಂದೆ ಕಾರಿದ್ದರೆ ತಗ್ಗಿಸು, ಆಗೊಮ್ಮೆ ಈಗೊಮ್ಮೆ ಸುಮ್ಮನೆ ನಿಧಾನಿಸು. ಈ ಕೊನೆಯ ನಿಯಮವೇ ಮನುಷ್ಯನ ಸ್ವಭಾವ! ಅಷ್ಟರಿಂದಲೇ ಕಂಪ್ಯೂಟರಿನಲ್ಲಿ 880ರಲ್ಲಿ ಕಾಣುವಂಥದ್ದೇ ಟ್ರಾಫಿಕ್ ಜಾಮ್ ಹುಟ್ಟಿತು. ಜಪಾನಿನ ವಿಜ್ಞಾನಿಗಳು ಇದನ್ನು ನಿಜವಾದ ಕಾರುಗಳಿಂದಲೇ ಮಾಡಿ ತೋರಿಸಿ, 2008ರಲ್ಲಿ ಪ್ರಕಟಿಸಿದರು. 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರುಗಳು ಒಂದರ ಹಿಂದೊಂದು ಒಂದೇ ವೇಗದಲ್ಲಿ ಸುತ್ತಬೇಕಿತ್ತು. ಸಿಗ್ನಲ್ ಇಲ್ಲ, ಗುಂಡಿ ಇಲ್ಲ, ಅಡ್ಡ ಬರುವವರಿಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲೇ ಕೆಲವು ಕಾರುಗಳು ನಿಂತೇ ಬಿಟ್ಟವು. ಒಬ್ಬರು ಕೊಂಚ ಬ್ರೇಕ್ ಒತ್ತಿದರೆ ಹಿಂದಿನವರು ಇನ್ನಷ್ಟು ಒತ್ತುತ್ತಾರೆ, ಅವರ ಹಿಂದಿನವರು ಮತ್ತಷ್ಟು. ಹೀಗೆ ತಡೆ ಅಲೆಯಂತೆ ಹಿಂದಕ್ಕೆ ಸಾಗುತ್ತದೆ.

ನಮ್ಮ 880 ಕೂಡ ಇಂಥದೊಂದು ಪ್ರಯೋಗ ಕಂಡಿದೆ. 2008ರ ಫೆಬ್ರವರಿ 8ರಂದು ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಜಿಪಿಎಸ್ ಇರುವ ಫೋನ್ ಇಟ್ಟ 100 ಕಾರುಗಳನ್ನು ಹೇವರ್ಡ್ ಮತ್ತು ಫ್ರೀಮಾಂಟ್ ನಡುವೆ ದಿನವಿಡೀ ಓಡಿಸಿದರು. ಇಡೀ ರಸ್ತೆಯ ವಾಹನಗಳಲ್ಲಿ ಇವು ಕೆಲವೇ ಪಾಲು. ಆದರೆ ಅಷ್ಟು ಫೋನುಗಳ ಮಾಹಿತಿಯನ್ನು ಮಾದರಿಗೆ ಉಣಿಸಿದರೆ ರಸ್ತೆಯ ಸ್ಥಿತಿ ಆಗಿಂದಾಗಲೇ ತಿಳಿಯುತ್ತದೆ ಎಂಬುದನ್ನು ಅವರು ತೋರಿಸಿಕೊಟ್ಟರು. ಇಂದು ನಮ್ಮ ಫೋನಿನ ನಕ್ಷೆಯಲ್ಲಿ ಕಾಣುವ ಕೆಂಪು ಗೆರೆಗಳನ್ನು ನೋಡುವಾಗ ಆ ದಿನವನ್ನು ನೆನೆಯಬಹುದು. ಅದೇ ಬರ್ಕ್ಲಿಯಲ್ಲಿ ಮುಂಬೈ ಮೂಲದ ಪ್ರಾಧ್ಯಾಪಕ ಪ್ರವೀಣ್ ವರೈಯಾ ಅವರು 2022ರಲ್ಲಿ ತೀರಿಕೊಳ್ಳುವವರೆಗೂ ರಸ್ತೆಯ ಸೆನ್ಸರುಗಳು ಕೊಡುವ ಅಂಕಿಗಳಿಂದ ಟ್ರಾಫಿಕ್ ಅರಿಯುವ ವಿದ್ಯೆಗೆ ದೊಡ್ಡ ಕೊಡುಗೆ ನೀಡಿದರು. ನಮ್ಮ ಶಾಲೆಯ ಎಷ್ಟೋ ಮಕ್ಕಳ ತಂದೆ ತಾಯಂದಿರು ಇಂದು ಇಂಥದೇ ಕೆಲಸದಲ್ಲಿದ್ದಾರೆ. ಇದು ನಮಗೆ ಹೆಮ್ಮೆಯ ವಿಷಯ.

ಇಷ್ಟಾದರೂ ನಮ್ಮದೊಂದು ಆತಂಕವಿದೆ. ಮಾದರಿಗೆ ಹೊರಗಿನಿಂದ ಹಾಕಿದ್ದಷ್ಟೇ ಗೊತ್ತು. ಯಾರನ್ನು ಹಾಕಿಲ್ಲವೋ ಅವರು ಅದರ ಪಾಲಿಗೆ ಇಲ್ಲವೇ ಇಲ್ಲ.

ಕಳೆದ ವರ್ಷ ಊರಿನಿಂದ ನಮ್ಮ ಅಮ್ಮ ಬಂದಿದ್ದರು. ಮಂಡಿನೋವಿದ್ದರೂ ದಿನಾ ಸಂಜೆ ನಡೆದು ಬರುವ ಅಭ್ಯಾಸ. ಒಂದು ದಿನ ಮೊಮ್ಮಗಳ ಕೈ ಹಿಡಿದು ಆರು ಲೇನಿನ ರಸ್ತೆ ದಾಟುತ್ತಿದ್ದಾಗ ಅರ್ಧದಲ್ಲೇ ಸಿಗ್ನಲಿನ ಎಣಿಕೆ ಮುಗಿದುಹೋಯಿತು. ಇಬ್ಬರೂ ನಡುವಿನ ಕಟ್ಟೆಯ ಮೇಲೆ ನಿಂತರು, ಎರಡೂ ಕಡೆ ಕಾರುಗಳು ಹೊರಟವು. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ಮರುದಿನದಿಂದ ಅಮ್ಮ ಹೊರಗೆ ನಡೆಯಲು ಹೋಗಲಿಲ್ಲ. "ಈ ರಸ್ತೆ ನನ್ನಂಥವರಿಗಲ್ಲ ಬಿಡಮ್ಮ" ಎಂದುಬಿಟ್ಟರು. ಉಳಿದ ಮೂರು ತಿಂಗಳು ಕಿಟಕಿಯೇ ಅವರ ಸಂಜೆಯಾಯಿತು.

ಆ ಸಿಗ್ನಲಿಗೆ ಅಷ್ಟೇ ಸೆಕೆಂಡು ಎಂದು ನಿರ್ಧರಿಸಿದ್ದು ಏನು? ಅದರ ಹಿಂದೆ ಇರುವುದು ಒಂದು ಸಣ್ಣ ಅಂಕಿ. ಮಿನುಗುವ ಕೈ ಕಾಣಿಸಿಕೊಂಡ ಮೇಲೆ ದಾಟಿ ಮುಗಿಸಲು ಎಷ್ಟು ಹೊತ್ತು ಬೇಕೆಂಬುದನ್ನು, ರಸ್ತೆಯ ಅಗಲವನ್ನು ನಡಿಗೆಯ ವೇಗದಿಂದ ಭಾಗಿಸಿ ತೆಗೆಯುತ್ತಾರೆ. ಅಮೆರಿಕದ ಸಿಗ್ನಲ್ ಕೈಪಿಡಿಯಲ್ಲಿ ಆ ವೇಗ ಬಹುಕಾಲ ಸೆಕೆಂಡಿಗೆ 4 ಅಡಿ ಎಂದಿತ್ತು. 2009ರ ಆವೃತ್ತಿಯಲ್ಲಿ ಅದನ್ನು 3.5 ಅಡಿಗೆ ಇಳಿಸಿದರು. ವಯಸ್ಸಾದವರು, ಅಂಗವಿಕಲರು ಹೆಚ್ಚಾಗಿ ದಾಟುವ ಕಡೆ 2.8 ಅಡಿ ಎಂದು ಪರಿಗಣಿಸಬೇಕೆಂದು ಕ್ಯಾಲಿಫೋರ್ನಿಯಾದ ಕೈಪಿಡಿ ಹೇಳುತ್ತದೆ. ಮಕ್ಕಳೇ, ನೀವೇ ಲೆಕ್ಕ ಹಾಕಿ. 100 ಅಡಿ ಅಗಲದ ರಸ್ತೆಗೆ 4 ಅಡಿಯ ಲೆಕ್ಕದಲ್ಲಿ 25 ಸೆಕೆಂಡು, 3.5ರ ಲೆಕ್ಕದಲ್ಲಿ ಸುಮಾರು 29, 2.8ರ ಲೆಕ್ಕದಲ್ಲಿ ಸುಮಾರು 36. ಈ 11 ಸೆಕೆಂಡಿನ ವ್ಯತ್ಯಾಸದಲ್ಲೇ ಎಷ್ಟೋ ಅಜ್ಜಿ ತಾತಂದಿರು ನಡುರಸ್ತೆಯಲ್ಲಿ ನಿಂತಿದ್ದಾರೆ.

ಎಲ್ಲ ಸಿಗ್ನಲನ್ನೂ ಅಜ್ಜಿಯ ವೇಗಕ್ಕೆ ಇಟ್ಟರೆ ಕಾರುಗಳ ಸಾಲು ಬೆಳೆಯುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಸಿಮ್ಯುಲೇಶನ್ ಬೇಕಾಗಿರುವುದು ಅದಕ್ಕೇ. 11 ಸೆಕೆಂಡು ಹೆಚ್ಚು ಕೊಟ್ಟರೆ ಸಾಲು ಎಷ್ಟು ಉದ್ದವಾಗುತ್ತದೆ, ಯಾರು ಎಷ್ಟು ಹೊತ್ತು ಹೆಚ್ಚು ಕಾಯಬೇಕಾಗುತ್ತದೆ ಎಂದು ಯಾರಿಗೂ ತೊಂದರೆಯಾಗದಂತೆ ನೋಡಬಹುದು. ಆದರೆ ಆ ಕಾಯುವಿಕೆ ಅಜ್ಜಿಯ ನೆಮ್ಮದಿಗಿಂತ ದೊಡ್ಡದೋ ಅಲ್ಲವೋ ಎಂಬುದನ್ನು ಕಂಪ್ಯೂಟರ್ ಹೇಳಲಾರದು. ಅದನ್ನು ನಾವೇ ಹೇಳಬೇಕು.

ಭಾರತದ ರಸ್ತೆಗಳಿಂದಲೂ ಇದೇ ಪಾಠ ಸಿಗುತ್ತದೆ. ಲೇನಿಗೊಂದು ಸಾಲು ಎಂದು ನಂಬಿದ ಮಾದರಿ ಬೆಂಗಳೂರಿನ ಸಿಲ್ಕ್ ಬೋರ್ಡ್ ವೃತ್ತಕ್ಕೆ ಬಂದರೆ ಕಕ್ಕಾಬಿಕ್ಕಿಯಾಗದೆ ಇರುವುದೇ? ಅಲ್ಲಿ ಬೈಕುಗಳು ನೀರಿನಂತೆ ಸಂದಿಗಳಲ್ಲಿ ಹರಿದು ಮುಂದೆ ಬರುತ್ತವೆ. ಸ್ವಯಂಚಾಲಿತ ಕಾರಿಗೆ ಕಣ್ಣು ಕಲಿಸಲು ಬಳಸುತ್ತಿದ್ದ ಹೆಸರಾಂತ ಚಿತ್ರಸಂಗ್ರಹವೊಂದು ಹೆಚ್ಚಾಗಿ ಜರ್ಮನಿಯ ನಗರಗಳದ್ದಾಗಿತ್ತು. ಆಟೋರಿಕ್ಷಾ ಎಂಬ ಹೆಸರೇ ಅದರಲ್ಲಿರಲಿಲ್ಲ. ಹೈದರಾಬಾದಿನ ಐಐಐಟಿಯವರು ಇಂಟೆಲ್ ಜೊತೆಗೂಡಿ ಹೈದರಾಬಾದ್ ಮತ್ತು ಬೆಂಗಳೂರಿನ ರಸ್ತೆಗಳ 10,000 ಚಿತ್ರಗಳ ಸಂಗ್ರಹ ಸಿದ್ಧಪಡಿಸಿದಾಗ ಆಟೋಗೂ ಪ್ರಾಣಿಗಳಿಗೂ ಪ್ರತ್ಯೇಕ ಹೆಸರು ಕೊಟ್ಟರು. ಭಾಷೆ ಕಲಿಸುವ ನಮಗೆ ಇದು ಬಹಳ ಹಿಡಿಸಿತು. ಹೆಸರಿಲ್ಲದ್ದು ಕಣ್ಣಿಗೂ ಬೀಳುವುದಿಲ್ಲ, ಅಲ್ಲವೇ?

ಹೀಗೆ ಬಿಟ್ಟುಹೋದದ್ದಕ್ಕೆ ಬೆಲೆ ತೆರಬೇಕಾಗುತ್ತದೆ. 2023ರ ಅಕ್ಟೋಬರ್ 2ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೇರೊಂದು ಕಾರು ಹೊಡೆದು ಉರುಳಿಸಿದ ಪಾದಚಾರಿಯೊಬ್ಬರು ಕ್ರೂಸ್ ಕಂಪನಿಯ ಚಾಲಕರಹಿತ ಕಾರಿನ ಮುಂದೆ ಬಿದ್ದರು. ಆ ಕಾರು ಅವರಿಗೆ ತಾಗಿ ನಿಂತಿತು. ಆದರೆ ಅವರು ತನ್ನ ಅಡಿಯಲ್ಲಿದ್ದಾರೆಂದು ತಿಳಿಯದೆ, ರಸ್ತೆಯ ಬದಿಗೆ ಸರಿದು ನಿಲ್ಲಲು ಹೊರಟು ಸುಮಾರು 20 ಅಡಿ ಎಳೆದೊಯ್ದಿತು. ಅದೇ ತಿಂಗಳು ಅದರ ಪರವಾನಗಿಯನ್ನು ರಾಜ್ಯ ತಡೆಹಿಡಿಯಿತು. ಸಿಮ್ಯುಲೇಶನ್ನಿನಲ್ಲಿ ಲಕ್ಷಾಂತರ ಮೈಲಿ ಓಡಿದರೂ, ಯಾರೂ ಊಹಿಸದ ಒಂದು ಗಳಿಗೆ ನಿಜವಾದ ರಸ್ತೆಯಲ್ಲಿ ಬಂದೇ ಬರುತ್ತದೆ. ಅನುಭವವಿಲ್ಲದ ವಿದ್ಯೆಯನ್ನು ನಮ್ಮ ಹಿರಿಯರು ಪುಸ್ತಕದ ಬದನೆಕಾಯಿ ಎಂದರು. ಅದು ಪಲ್ಯಕ್ಕೆ ಒದಗದು.

ಈಗ ನಮ್ಮ ಮಕ್ಕಳ ವಿಷಯಕ್ಕೆ ಬರೋಣ. ಒಮ್ಮೆ ತರಗತಿಯಲ್ಲಿ "ಮನೆಯಿಂದ ಶಾಲೆಗೆ ಬರುವ ದಾರಿ" ಎಂಬ ಚಿತ್ರ ಬರೆಯಲು ಹೇಳಿದೆವು. ಬಹುಪಾಲು ಮಕ್ಕಳು ಎಕ್ಸಿಟ್ ನಂಬರು ಬರೆದರು, ಕಾರು ಬರೆದರು. ಒಬ್ಬ ಮನುಷ್ಯನನ್ನೂ ಬರೆಯಲಿಲ್ಲ. ತಪ್ಪು ಅವರದಲ್ಲ. ಕಾರಿನ ಹಿಂದಿನ ಸೀಟಿನಲ್ಲಿ, ಕೈಯಲ್ಲೊಂದು ಪರದೆ ಹಿಡಿದು ಬೆಳೆಯುವ ಮಗುವಿಗೆ ರಸ್ತೆ ಎಲ್ಲಿಂದ ಕಾಣಬೇಕು? ನಾಳೆ ಜಗತ್ತಿನ ರಸ್ತೆಗಳಿಗೆ ಪ್ರೋಗ್ರಾಂ ಬರೆಯುವವರು ಇವರೇ. ರಸ್ತೆಯನ್ನೇ ನಡೆದು ನೋಡದವರು ನಡೆಯುವವರಿಗಾಗಿ ಏನು ಬರೆದಾರು?

ಆದ್ದರಿಂದ ಪೋಷಕರಲ್ಲಿ ನಮ್ಮ ವಿನಂತಿ: ವಾರಕ್ಕೊಮ್ಮೆಯಾದರೂ ಮಕ್ಕಳನ್ನು ನಡೆಸಿಕೊಂಡು ಹೋಗಿ, ಬಸ್ಸು ಹತ್ತಿಸಿ. ಶಾಲೆಯ ಮುಂದೆ ಮಕ್ಕಳನ್ನು ಇಳಿಸುವಾಗ ಅವಸರದಲ್ಲಿ ಅಡ್ಡಾದಿಡ್ಡಿ ಕಾರು ನಿಲ್ಲಿಸಬೇಡಿ. ನೀವು ಒತ್ತುವ ಒಂದು ಬ್ರೇಕು ಹಿಂದೆ ಎಷ್ಟು ದೂರ ಹೋಗುತ್ತದೆಂದು ಈಗಾಗಲೇ ನೋಡಿದಿರಲ್ಲ! ಮಕ್ಕಳೇ, ನಿಮಗೆ ಬೇಸಿಗೆ ರಜೆಯ ಮನೆಕೆಲಸ ಇದು: ಊರಿನಿಂದ ಬಂದ ಅಜ್ಜಿ ತಾತನ ಜೊತೆ ಮನೆಯ ಹತ್ತಿರದ ಸಿಗ್ನಲಿಗೆ ಹೋಗಿ. ಮೊದಲು ಪಾರ್ಕಿನಲ್ಲಿ ಅವರ ನಡಿಗೆಯನ್ನು ಗಡಿಯಾರ ಹಿಡಿದು ಅಳೆಯಿರಿ. ಆಮೇಲೆ ಸಿಗ್ನಲ್ ಎಷ್ಟು ಸಮಯ ಕೊಡುತ್ತದೆ ನೋಡಿ. ಸಾಲದಿದ್ದರೆ ಅಪ್ಪ ಅಮ್ಮನ ಸಹಾಯದಿಂದ ನಿಮ್ಮ ನಗರಸಭೆಗೆ ಒಂದು ಪತ್ರ ಬರೆಯಿರಿ, ನಿಮ್ಮ ಅಂಕಿಗಳನ್ನೂ ಸೇರಿಸಿ. ರಜೆ ಮುಗಿಸಿ ಬರುವಾಗ ಆ ಪತ್ರದ ಕನ್ನಡ ಪ್ರತಿಯನ್ನು ತರಗತಿಗೆ ತನ್ನಿ. ನಾವೆಲ್ಲ ಸೇರಿ ಓದೋಣ.