ನ್ಯೂಕ್ಲಿಯರ್ ಸ್ಕ್ಯಾನ್ ಎಂದರೆ ಹೆದರಬೇಕೇ?



ಮನೆಯಲ್ಲಿ ಅಜ್ಜ-ಅಜ್ಜಿಗೋ ಅಪ್ಪ-ಅಮ್ಮನಿಗೋ ಕಾಯಿಲೆಯಾದರೆ ಆಸ್ಪತ್ರೆಗೆ ಜೊತೆಯಲ್ಲಿ ಹೋಗುವವರು ಈಗ ಹೆಚ್ಚಾಗಿ ನೀವೇ. ಡಾಕ್ಟರು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಮರಾಠಿಯಲ್ಲೋ ಹೇಳಿದ್ದನ್ನು ಹಿರಿಯರಿಗೆ ಕನ್ನಡದಲ್ಲಿ ಬಿಡಿಸಿ ಹೇಳಬೇಕಾದವರೂ ನೀವೇ. ರಕ್ತಪರೀಕ್ಷೆ, ಎಕ್ಸ್‌ರೇ, ಸೋನೋಗ್ರಫಿ ಎಂದರೆ ಯಾರೂ ಗಾಬರಿಪಡುವುದಿಲ್ಲ. ಆದರೆ ‘ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಸ್ಕ್ಯಾನ್ ಮಾಡಿಸಿ’ ಎಂದು ಚೀಟಿ ಬರೆದುಕೊಟ್ಟರೆ ಮನೆಮಂದಿಯ ಮುಖವೆಲ್ಲ ಸಪ್ಪಗಾಗುತ್ತದೆ. ನ್ಯೂಕ್ಲಿಯರ್ ಎಂದೊಡನೆ ಹಿರಿಯರಿಗೆ ನೆನಪಾಗುವುದು ಹಿರೋಶಿಮಾ, ಚೆರ್ನೋಬಿಲ್. ‘ಈ ವಯಸ್ಸಿಗೆ ಅದೆಲ್ಲ ಯಾಕೆ ಮಗಾ? ಸ್ವಲ್ಪ ದಿನ ಊರಿಗೆ ಹೋಗಿ ಬರುತ್ತೇನೆ, ಸರಿಹೋದೀತು’ ಎಂಬ ಮಾತು ಬರುತ್ತದೆ. ಹೀಗೆ ಹೆದರಿ ಪರೀಕ್ಷೆಯನ್ನು ಮುಂದೂಡಿದರೆ ಕೆಲವು ಕಾಯಿಲೆಗಳಲ್ಲಿ ಆ ಒಂದೆರಡು ತಿಂಗಳೇ ಬಹಳ ದುಬಾರಿಯಾಗಬಹುದು. ಅದಕ್ಕಾಗಿ ಈ ಸಲ ಪರಮಾಣು ವೈದ್ಯಕೀಯದ ಬಗ್ಗೆ, ಅಜ್ಜಿಗೆ ಹೇಳಲು ಬರುವಂಥ ಮಾತುಗಳಲ್ಲಿ, ತಿಳಿದುಕೊಳ್ಳೋಣ.

ಯಾವ ಮನೆಯಲ್ಲಿ ದೀಪ ಉರಿಯುತ್ತಿದೆ?

ರಾತ್ರಿ ಹೊತ್ತು ನಿಮ್ಮ ಸೊಸೈಟಿಯ ಕಟ್ಟಡವನ್ನು ಹೊರಗೆ ನಿಂತು ನೋಡಿ. ಎಷ್ಟು ಮಹಡಿ, ಎಷ್ಟು ಕಿಟಕಿ, ಎಲ್ಲಿ ಬಿರುಕು ಎಂಬುದು ಕಟ್ಟಡದ ನಕ್ಷೆಯಿಂದ ಗೊತ್ತಾಗುತ್ತದೆ. ಎಕ್ಸ್‌ರೇ, ಸಿ.ಟಿ. ಸ್ಕ್ಯಾನ್‌ಗಳು ಇಂಥ ನಕ್ಷೆ ಕೊಡುತ್ತವೆ. ಯಾವ ಮನೆಯಲ್ಲಿ ದೀಪ ಉರಿಯುತ್ತಿದೆ, ಯಾರು ಎದ್ದಿದ್ದಾರೆ, ಯಾರ ಮನೆಗೆ ಬೀಗ ಬಿದ್ದಿದೆ ಎಂಬುದು ನಕ್ಷೆಯಲ್ಲಿ ಕಾಣುವುದಿಲ್ಲ. ಅದನ್ನು ತೋರಿಸುವುದು ನ್ಯೂಕ್ಲಿಯರ್ ಸ್ಕ್ಯಾನ್. ಅಂಗ ಹೇಗಿದೆ ಎನ್ನುವುದಕ್ಕಿಂತ ಅದು ಹೇಗೆ ಕೆಲಸ ಮಾಡುತ್ತಿದೆ ಎಂಬುದೇ ಈ ಪರೀಕ್ಷೆಯ ಪ್ರಶ್ನೆ. ಈ ಒಂದು ಮಾತು ನೆನಪಿದ್ದರೆ ಮುಂದಿನದೆಲ್ಲ ಸುಲಭ.

ವಿಧಾನ ಸರಳ. ದೇಹದ ಒಂದೊಂದು ಅಂಗಕ್ಕೂ ತನಗೆ ಬೇಕಾದ ವಸ್ತು ಒಂದಿರುತ್ತದೆ. ಥೈರಾಯ್ಡ್ ಗ್ರಂಥಿಗೆ ಅಯೋಡಿನ್, ಮೂಳೆಗೆ ಫಾಸ್ಫೇಟ್, ಮಿದುಳಿಗೆ ಗ್ಲೂಕೋಸ್. ಅಂಥ ವಸ್ತುವಿಗೆ ಅತಿ ಅಲ್ಪ ಪ್ರಮಾಣದ ವಿಕಿರಣಶೀಲ ಪರಮಾಣುವನ್ನು ಅಂಟಿಸಿ ಮೈಗೆ ಸೇರಿಸುತ್ತಾರೆ. ಅದು ತನ್ನ ಜಾಗಕ್ಕೆ ಹೋಗಿ ಸೇರಿ ಅಲ್ಲಿಂದ ಗಾಮಾ ಕಿರಣ ಹೊಮ್ಮಿಸುತ್ತದೆ. ಹೊರಗಿನ ಕ್ಯಾಮೆರಾ ಆ ಕಿರಣಗಳನ್ನು ಹಿಡಿದು ಚಿತ್ರ ಬರೆಯುತ್ತದೆ. ಆ ಕ್ಯಾಮೆರಾ ರೋಗಿಯ ಮೇಲೆ ಏನನ್ನೂ ಬಿಡುವುದಿಲ್ಲ, ಬಂದದ್ದನ್ನು ಬರಮಾಡಿಕೊಳ್ಳುತ್ತದೆ ಅಷ್ಟೆ.

ಖಾನಾವಳಿಯ ಪತ್ತೇದಾರಿ

ಹೀಗೆ ಜಾಡು ಹಿಡಿಯುವ ಯುಕ್ತಿಯನ್ನು ಕಂಡುಹಿಡಿದವರು ಹಂಗೇರಿಯ ವಿಜ್ಞಾನಿ ಜಾರ್ಜ್ ಡಿ ಹೆವೆಶಿ. ಅವರ ಬಗ್ಗೆ ಒಂದು ಸ್ವಾರಸ್ಯದ ಕಥೆಯಿದೆ. ತರುಣರಾಗಿ ಮ್ಯಾಂಚೆಸ್ಟರಿನಲ್ಲಿದ್ದಾಗ ಅವರು ಊಟ ಮಾಡುತ್ತಿದ್ದ ಖಾನಾವಳಿಯ ಯಜಮಾನಿ ತಟ್ಟೆಯಲ್ಲಿ ಉಳಿದದ್ದನ್ನೇ ಮತ್ತೆ ಬೇಯಿಸಿ ಬಡಿಸುತ್ತಾಳೆ ಎಂಬ ಅನುಮಾನ ಅವರಿಗಿತ್ತಂತೆ. ಒಂದು ದಿನ ತಾವು ಬಿಟ್ಟ ಊಟಕ್ಕೆ ಚಿಟಿಕೆ ವಿಕಿರಣಶೀಲ ವಸ್ತು ಸೇರಿಸಿದರು. ಕೆಲವು ದಿನಗಳ ನಂತರ ಬಡಿಸಿದ ಹೊಸ ತಿನಿಸಿನ ಹತ್ತಿರ ಉಪಕರಣ ಹಿಡಿದರೆ, ಹಳೆಯದೆಲ್ಲ ಬಯಲಾಯಿತು! ಇದೇ ಯುಕ್ತಿಯನ್ನು ಅವರು ಮುಂದೆ ಗಿಡಗಳಲ್ಲೂ ಪ್ರಾಣಿಗಳಲ್ಲೂ ಬಳಸಿದರು. 1943ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಅವರಿಗೆ ಸಂದಿತು.

ಆಸ್ಪತ್ರೆಯ ‘ಹಸು’

ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಜಾಡುವಸ್ತು ಟೆಕ್ನೀಷಿಯಂ-99ಎಂ. ಟೆಕ್ನೀಷಿಯಂ, ಮನುಷ್ಯ ಕೃತಕವಾಗಿ ಪಡೆದ ಮೊದಲ ಮೂಲವಸ್ತು. ಇಟಲಿಯ ಪೆರಿಯರ್ ಮತ್ತು ಸೆಗ್ರೆ 1937ರಲ್ಲಿ ಇದನ್ನು ಗುರುತಿಸಿದರು. ಟೆಕ್ನೀಷಿಯಂ-99ಎಂನ ಅರ್ಧಾಯುಷ್ಯ 6 ಗಂಟೆ. ಅಂದರೆ ಪ್ರತಿ 6 ಗಂಟೆಗೊಮ್ಮೆ ಅದು ಅರ್ಧಕ್ಕೆ ಇಳಿಯುತ್ತದೆ. ರೋಗಿಗೆ ಇದು ಒಳ್ಳೆಯದೇ. ಆದರೆ ಇಷ್ಟು ಬೇಗ ಕರಗಿಹೋಗುವ ವಸ್ತುವನ್ನು ದೂರದ ಊರಿಗೆ ಕಳಿಸುವುದು ಹೇಗೆ?

ಇದಕ್ಕೆ ಕಂಡುಕೊಂಡ ಉಪಾಯ ಚೆನ್ನಾಗಿದೆ. 66 ಗಂಟೆ ಅರ್ಧಾಯುಷ್ಯದ ಮಾಲಿಬ್ಡಿನಂ-99 ಎಂಬ ‘ತಾಯಿ’ಯನ್ನು ಸೀಸದ ಕವಚದ ಪುಟ್ಟ ಪೆಟ್ಟಿಗೆಯಲ್ಲಿಟ್ಟು ಕಳಿಸುತ್ತಾರೆ. ಒಳಗೆ ತಾಯಿ ಕರಗುತ್ತಾ ಮಗಳು ಟೆಕ್ನೀಷಿಯಂ ಹುಟ್ಟುತ್ತಿರುತ್ತದೆ. ಬೆಳಿಗ್ಗೆ ಪೆಟ್ಟಿಗೆಯೊಳಗೆ ಉಪ್ಪುನೀರು ಹಾಯಿಸಿದರೆ ಮಗಳು ಮಾತ್ರ ಹೊರಬರುತ್ತದೆ. ಮರುದಿನಕ್ಕೆ ಮತ್ತೆ ತುಂಬಿಕೊಳ್ಳುತ್ತದೆ. ಅದಕ್ಕೇ ಆಸ್ಪತ್ರೆಯವರು ಈ ಪೆಟ್ಟಿಗೆಯನ್ನು ಪ್ರೀತಿಯಿಂದ ‘ಹಸು’ ಎನ್ನುತ್ತಾರೆ. ದಿನವೂ ಬೆಳಿಗ್ಗೆ ‘ಹಾಲು ಕರೆಯುತ್ತಾರೆ’. ವಾರ ಕಳೆದರೆ ಹಸು ಬತ್ತುತ್ತದೆ, ಹೊಸದು ಬರಬೇಕು. 2009-10ರಲ್ಲಿ ಕೆನಡಾ ಮತ್ತು ಹಾಲೆಂಡಿನ ಹಳೆಯ ರಿಯಾಕ್ಟರುಗಳು ದುರಸ್ತಿಗೆಂದು ನಿಂತಾಗ ಎಷ್ಟೋ ದೇಶಗಳ ಆಸ್ಪತ್ರೆಗಳಲ್ಲಿ ಈ ಹಾಲಿಗೆ ಬರ ಬಂದಿತ್ತು.

ಮುಂಬಯಿಯಲ್ಲಿ ಬೆಳೆದ ನಿಮಗೆ ಇದು ದೂರದ ವಿಷಯವೇನಲ್ಲ. ಟ್ರಾಂಬೆಯಲ್ಲಿ 1956ರಲ್ಲಿ ಅಪ್ಸರಾ, 1985ರಲ್ಲಿ ಧ್ರುವ ರಿಯಾಕ್ಟರುಗಳು ಚಾಲನೆಗೆ ಬಂದವು. ಭಾಭಾ ಪರಮಾಣು ಸಂಶೋಧನ ಕೇಂದ್ರ ಎಂದರೆ ಬಾಂಬು, ವಿದ್ಯುತ್ತು ಇವಿಷ್ಟೇ ಎಂದುಕೊಂಡವರು ಬಹಳ. ಅದೇ ಸಂಸ್ಥೆಯ ವಿಕಿರಣ ವೈದ್ಯಕೀಯ ಕೇಂದ್ರ 1963ರಿಂದ ಪರೆಲಿನಲ್ಲಿ ರೋಗಿಗಳ ಸೇವೆಯಲ್ಲಿದೆ. ತುಮಕೂರಿನಲ್ಲಿ ಹುಟ್ಟಿದ ನಮ್ಮ ರಾಜಾ ರಾಮಣ್ಣ ನಿರ್ದೇಶಕರಾಗಿದ್ದದ್ದು ಇದೇ ಭಾಭಾ ಕೇಂದ್ರಕ್ಕೆ. ಐಸೊಟೋಪುಗಳನ್ನು ಮದ್ದಿನ ರೂಪಕ್ಕೆ ತಂದು ದೇಶದ ಆಸ್ಪತ್ರೆಗಳಿಗೆ ಕಳಿಸುವ ‘ಬ್ರಿಟ್’ ಸಂಸ್ಥೆ 1989ರಲ್ಲಿ ಆರಂಭವಾಯಿತು. ಅದು ಇರುವುದು ವಾಶಿಯಲ್ಲಿ.

ಏನೇನು ತಿಳಿಯುತ್ತದೆ?

ಥೈರಾಯ್ಡಿನಲ್ಲಿ ಗಂಟು ಕಂಡರೆ ಆ ಗಂಟು ಕೆಲಸ ಮಾಡುತ್ತಿದೆಯೇ, ಸುಮ್ಮನಿದೆಯೇ ಎಂದು ತಿಳಿಯುತ್ತದೆ. ಮೂತ್ರಪಿಂಡದ ಸ್ಕ್ಯಾನಿನಲ್ಲಿ ಎಡಬಲ ಎರಡೂ ಒಟ್ಟು ಕೆಲಸವನ್ನು ಎಷ್ಟೆಷ್ಟು ಹಂಚಿಕೊಂಡಿವೆ ಎಂಬ ಲೆಕ್ಕ ಸಿಗುತ್ತದೆ. ಕ್ಯಾನ್ಸರು ಮೂಳೆಗೆ ಹರಡಿದೆಯೇ ಎಂದು ತಲೆಯಿಂದ ಕಾಲಿನವರೆಗೆ ಒಂದೇ ಸಲಕ್ಕೆ ನೋಡಬಹುದು. ಮೂಳೆಯ ಸುಣ್ಣದಂಶ ಸಾಕಷ್ಟು ಕರಗಿದ ಮೇಲಷ್ಟೇ ಎಕ್ಸ್‌ರೇಯಲ್ಲಿ ಕಾಣುವ ಬದಲಾವಣೆ ಇದರಲ್ಲಿ ಎಷ್ಟೋ ಸಲ ಮೊದಲೇ ಕಾಣುತ್ತದೆ.

ಹೃದಯದ ವಿಷಯದಲ್ಲಿ ಇದರ ಉಪಯೋಗ ದೊಡ್ಡದು. ಒಮ್ಮೆ ಟ್ರೆಡ್‌ಮಿಲ್ ಮೇಲೆ ನಡೆಸಿ, ಅಥವಾ ಮದ್ದು ಕೊಟ್ಟು ಹೃದಯಕ್ಕೆ ಆಯಾಸ ಮಾಡಿಸಿ ಚಿತ್ರ ತೆಗೆಯುತ್ತಾರೆ, ಇನ್ನೊಮ್ಮೆ ವಿಶ್ರಾಂತಿಯಲ್ಲಿ. ಆಯಾಸದಲ್ಲಿ ಮಾತ್ರ ಒಂದು ಭಾಗ ಮಸುಕಾದರೆ, ಅಲ್ಲಿಗೆ ರಕ್ತ ಸಾಲದು, ಆದರೆ ಸ್ನಾಯು ಜೀವಂತವಾಗಿದೆ. ಎರಡರಲ್ಲೂ ಮಸುಕಾದರೆ ಹೆಚ್ಚಾಗಿ ಅದು ಹಿಂದಿನ ಹೃದಯಾಘಾತದ ಕಲೆ. ಎಂಜಿಯೋಪ್ಲಾಸ್ಟಿಯಿಂದ ಪ್ರಯೋಜನವಿದೆಯೇ ಎಂದು ಯೋಚಿಸುವ ವೈದ್ಯರಿಗೆ ಈ ವ್ಯತ್ಯಾಸ ಬಹಳ ಮುಖ್ಯ.

ಸಕ್ಕರೆಯ ಜಾಡು

ಈಗ ಎಲ್ಲರ ಬಾಯಲ್ಲೂ ಇರುವ ಹೆಸರು ಪೆಟ್ ಸ್ಕ್ಯಾನ್. ಕ್ಯಾನ್ಸರಿನ ಜೀವಕೋಶಗಳು ಗ್ಲೂಕೋಸನ್ನು ದುರಾಸೆಯಿಂದ ಕಬಳಿಸುತ್ತವೆ ಎಂಬುದನ್ನು ಜರ್ಮನಿಯ ಓಟೋ ವಾರ್ಬರ್ಗ್ 1920ರ ದಶಕದಲ್ಲೇ ತೋರಿಸಿದ್ದರು. ಗ್ಲೂಕೋಸಿನಂಥದೇ ಒಂದು ಅಣುವಿಗೆ ಫ್ಲೋರಿನ್-18 ಅಂಟಿಸಿದರೆ ಎಫ್.ಡಿ.ಜಿ. ಆಗುತ್ತದೆ. ಇದನ್ನು ಮನುಷ್ಯರಿಗೆ ಮೊದಲು ಕೊಟ್ಟದ್ದು 1976ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ. ಜೀವಕೋಶ ಇದನ್ನು ಸಕ್ಕರೆಯೆಂದೇ ಒಳಕ್ಕೆ ಎಳೆದುಕೊಳ್ಳುತ್ತದೆ, ಆದರೆ ಪೂರ್ತಿ ಅರಗಿಸಲಾರದು. ಅದು ಅಲ್ಲೇ ಸಿಕ್ಕಿಬಿದ್ದು ಹೊಳೆಯುತ್ತದೆ. ಹೀಗೆ ಅಣುಗಳ ಮಟ್ಟದ ಆಗುಹೋಗನ್ನು ಚಿತ್ರವಾಗಿ ನೋಡುವುದಕ್ಕೇ ಅಣುಚಿತ್ರಣ ಎನ್ನುವುದು.

ಫ್ಲೋರಿನ್-18ರ ಅರ್ಧಾಯುಷ್ಯ 110 ನಿಮಿಷ ಮಾತ್ರ. ಸೈಕ್ಲೋಟ್ರಾನಿನಲ್ಲಿ ತಯಾರಾದದ್ದು ದಾರಿಯ ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಸಿಕ್ಕಿಕೊಂಡರೆ ಅರ್ಧಕ್ಕಿಂತ ಹೆಚ್ಚು ಮಾಯ! ಅದಕ್ಕೇ ಪೆಟ್ ಸ್ಕ್ಯಾನಿಗೆ ಸಮಯಕ್ಕೆ ಸರಿಯಾಗಿ ಬರಬೇಕೆಂದು ಅಷ್ಟು ಒತ್ತಿ ಹೇಳುತ್ತಾರೆ. ದೇಶದ ಮೊದಲ ವೈದ್ಯಕೀಯ ಸೈಕ್ಲೋಟ್ರಾನ್ 2002ರಲ್ಲಿ ಬಂದದ್ದು ಪರೆಲಿನ ಅದೇ ಕೇಂದ್ರಕ್ಕೆ.

ಪೆಟ್ ಸ್ಕ್ಯಾನಿಗೆ ಮೊದಲು ಕೆಲವು ಗಂಟೆ ಉಪವಾಸವಿರಬೇಕು. ನೀರು ಕುಡಿಯಬಹುದು. ‘ಒಂದು ಲೋಟ ಚಹಾ ಕುಡಿದರೆ ಏನಾಗುತ್ತದೆ’ ಎಂದು ಅಜ್ಜ ಕೇಳುತ್ತಾರೆ. ಚಹಾದ ಸಕ್ಕರೆ ಈ ಸಕ್ಕರೆಗೆ ಪೈಪೋಟಿ ಕೊಟ್ಟು ಚಿತ್ರ ಕೆಡುತ್ತದೆ ಎಂದು ಹೇಳಿ. ಸಕ್ಕರೆ ಕಾಯಿಲೆಯಿದ್ದರೆ ಮೊದಲೇ ತಿಳಿಸಿ. ಚುಚ್ಚುಮದ್ದು ಕೊಟ್ಟ ಮೇಲೆ ಸುಮಾರು ಒಂದು ಗಂಟೆ ಸುಮ್ಮನೆ ಕೂತಿರಬೇಕು. ಓಡಾಡಿದರೆ ಸ್ನಾಯುಗಳೇ ಸಕ್ಕರೆ ಎಳೆದುಕೊಂಡು ಹೊಳೆಯುತ್ತವೆ.

ಹೊಳೆದದ್ದೆಲ್ಲ ಕ್ಯಾನ್ಸರಲ್ಲ

ವರದಿ ಈಗ ನಿಮ್ಮ ಮೊಬೈಲಿಗೇ ಬರುತ್ತದೆ, ಡಾಕ್ಟರನ್ನು ಕಾಣುವ ಮೊದಲೇ. ಚಿತ್ರದಲ್ಲಿ ಕೆಂಪು-ಹಳದಿ ಚುಕ್ಕೆ ಕಂಡೊಡನೆ ಮನೆಯಲ್ಲಿ ಅಳು ಆರಂಭವಾಗಬಾರದು. ಈ ಪರೀಕ್ಷೆ ಕೆಲಸವನ್ನು ತೋರಿಸುತ್ತದೆ ಎಂದೆನಲ್ಲವೇ? ಹೆಚ್ಚು ಕೆಲಸ ನಡೆಯುವಲ್ಲೆಲ್ಲ ಹೊಳಪು ಕಾಣುತ್ತದೆ. ಮಿದುಳು ಸದಾ ಹೊಳೆಯುತ್ತದೆ. ಮದ್ದು ಹೊರಹೋಗುವ ದಾರಿಯಾದ್ದರಿಂದ ಮೂತ್ರಕೋಶವೂ ಹೊಳೆಯುತ್ತದೆ. ಕ್ಷಯ, ಸೋಂಕು, ಬಾವು ಇರುವಲ್ಲೂ ಹೊಳಪು ಇರುತ್ತದೆ. ನಮ್ಮ ದೇಶದಲ್ಲಿ ಕ್ಷಯ ಸಾಮಾನ್ಯವಾದ್ದರಿಂದ ಇದನ್ನು ಮರೆಯುವಂತಿಲ್ಲ. ಮೂಳೆಯ ಸ್ಕ್ಯಾನಿನಲ್ಲಿ ಮಂಡಿನೋವಿನ ಸವೆತ, ಕೂಡಿಕೊಳ್ಳುತ್ತಿರುವ ಮುರಿತ ಎಲ್ಲವೂ ಕಾಣುತ್ತವೆ. ಹಿಂದಿನ ಬಿದ್ದ ಪೆಟ್ಟು, ಆಪರೇಷನ್ನುಗಳ ವಿವರವನ್ನು ಮೊದಲೇ ಹೇಳುವುದು ಇದಕ್ಕಾಗಿ. ಹಾಗೆಯೇ, ಕೆಲವು ಕ್ಯಾನ್ಸರುಗಳು ಈ ಸಕ್ಕರೆಯನ್ನು ಹೆಚ್ಚು ತೆಗೆದುಕೊಳ್ಳುವುದಿಲ್ಲ. ವರದಿಯ ಅರ್ಥವನ್ನು ವೈದ್ಯರೇ ಹೇಳಲಿ. ನೀವು ಓದಿ ಊಹೆ ಮಾಡಿ ಊರಿಗೆಲ್ಲ ಫೋನು ಮಾಡಬೇಡಿ.

ತೋರಿಸುವ ಮದ್ದೇ ವಾಸಿಮಾಡುವ ಮದ್ದು

ಒಂದು ಜಾಗವನ್ನು ಹುಡುಕಿಕೊಂಡು ಹೋಗುವ ವಸ್ತು ಅಲ್ಲಿಗೆ ಬರಿಯ ದೀಪ ಒಯ್ಯುವ ಬದಲು ಕತ್ತಿಯನ್ನೂ ಒಯ್ದರೆ? ಬಾಸ್ಟನ್ನಿನ ವೈದ್ಯ ಸಾಲ್ ಹರ್ಟ್ಸ್ 1941ರಲ್ಲಿ, ಅತಿಯಾಗಿ ಕೆಲಸ ಮಾಡುವ ಥೈರಾಯ್ಡಿಗೆ ವಿಕಿರಣಶೀಲ ಅಯೋಡಿನ್ ಕೊಟ್ಟು ಈ ದಾರಿ ತೆರೆದರು. ಇಂದು ಅದಕ್ಕೆ ಬಳಸುವುದು 8 ದಿನ ಅರ್ಧಾಯುಷ್ಯದ ಅಯೋಡಿನ್-131. ಅದರ ಬೀಟಾ ಕಣಗಳು ಒಂದೆರಡು ಮಿಲಿಮೀಟರಿನ ಆಚೆ ಹೋಗುವುದಿಲ್ಲ. ಅಲ್ಲಿಯ ಜೀವಕೋಶಗಳನ್ನಷ್ಟೇ ಸುಡುತ್ತವೆ. ಥೈರಾಯ್ಡ್ ಕ್ಯಾನ್ಸರಿನಲ್ಲಿ ಆಪರೇಷನ್ ನಂತರ ಉಳಿದ ತುಣುಕುಗಳನ್ನು ಹುಡುಕಿ ಅಳಿಸಲೂ ಇದನ್ನು ಕೊಡುತ್ತಾರೆ. ಆ ಚಿಕಿತ್ಸೆಗೆ ಮುಂಚೆ ಅಯೋಡಿನ್ ಉಪ್ಪು, ಸಮುದ್ರದ ಮೀನು ಬಿಡಲು ಹೇಳುವುದುಂಟು. ಕರಾವಳಿಯ ಮನೆಗಳಲ್ಲಿ ಇದೇ ದೊಡ್ಡ ಶಿಕ್ಷೆ! ಆದರೆ ಗ್ರಂಥಿ ಅಯೋಡಿನ್ನಿಗೆ ಹಸಿದಿದ್ದರೆ ತಾನೇ ಮದ್ದನ್ನು ಚೆನ್ನಾಗಿ ಹೀರಿಕೊಂಡೀತು?

ಇದೇ ತತ್ತ್ವದ ಹೊಸ ಮದ್ದು ಲುಟೇಷಿಯಂ-177. ಪ್ರಾಸ್ಟೇಟ್ ಕ್ಯಾನ್ಸರಿನ ಜೀವಕೋಶದ ಮೇಲೆ ಪಿ.ಎಸ್.ಎಂ.ಎ. ಎಂಬ ಗುರುತು ಇರುತ್ತದೆ. ಅದನ್ನು ಹಿಡಿಯುವ ಅಣುವಿಗೆ ಗ್ಯಾಲಿಯಂ-68 ಅಂಟಿಸಿದರೆ ಚಿತ್ರ, ಲುಟೇಷಿಯಂ ಅಂಟಿಸಿದರೆ ಚಿಕಿತ್ಸೆ. ಅಮೆರಿಕ ಇದಕ್ಕೆ 2022ರಲ್ಲಿ ಅನುಮತಿ ಕೊಟ್ಟಿತು. ಲುಟೇಷಿಯಂ ನಮ್ಮ ಟ್ರಾಂಬೆಯ ಧ್ರುವದಲ್ಲೂ ತಯಾರಾಗುತ್ತದೆ. ಇದು ಎಲ್ಲರಿಗೂ ಒಗ್ಗುವ ಮದ್ದಲ್ಲ. ಮೊದಲು ಚಿತ್ರದಲ್ಲಿ ಆ ಗುರುತು ಕಾಣಬೇಕು, ಆಮೇಲೆ ಮದ್ದಿನ ಮಾತು.

ಮನೆಯವರು ಕೇಳುವ ಪ್ರಶ್ನೆಗಳು

ಮೈಯಲ್ಲಿ ವಿಷ ಉಳಿಯುವುದಿಲ್ಲವೇ? ಲೆಕ್ಕ ಹಾಕಿ ತೋರಿಸಿ. ಟೆಕ್ನೀಷಿಯಂ 6 ಗಂಟೆಯಲ್ಲಿ ಅರ್ಧ, 12ರಲ್ಲಿ ಕಾಲು, 24 ಗಂಟೆಯಲ್ಲಿ ಹದಿನಾರರ ಒಂದು ಪಾಲು. ಮೂತ್ರದಲ್ಲಿ ಹೋಗುವುದು ಬೇರೆ. ಅದಕ್ಕೇ ನೀರು ಚೆನ್ನಾಗಿ ಕುಡಿಯಬೇಕು.

ವಿಕಿರಣ ಎಷ್ಟು? ಭೂಮಿ, ಆಕಾಶಗಳಿಂದ ಮನುಷ್ಯನಿಗೆ ಸಹಜವಾಗಿ ತಾಗುವುದು ಜಗತ್ತಿನ ಸರಾಸರಿಯಲ್ಲಿ ವರ್ಷಕ್ಕೆ 2.4 ಮಿಲಿಸೀವರ್ಟ್. ಒಂದು ಮೂಳೆ ಸ್ಕ್ಯಾನಿನಿಂದ ಬರುವುದು ಹೆಚ್ಚುಕಡಿಮೆ ಎರಡು ವರ್ಷದ ಪಾಲು. ಪೆಟ್-ಸಿ.ಟಿ.ಯಲ್ಲಿ ಇನ್ನೂ ಹೆಚ್ಚು. ಹಾಗೆಂದು ಸುಮ್ಮಸುಮ್ಮನೆ ಮಾಡಿಸುವ ಪರೀಕ್ಷೆಯೂ ಇದಲ್ಲ. ‘ಇದರಿಂದ ಚಿಕಿತ್ಸೆ ಬದಲಾಗುತ್ತದೆಯೇ?’ ಎಂದು ವೈದ್ಯರನ್ನು ಧೈರ್ಯವಾಗಿ ಕೇಳಿ. ಅದು ನಿಮ್ಮ ಹಕ್ಕು.

ಬಸುರಿ, ಬಾಣಂತಿಯರು? ತಾವು ಗರ್ಭಿಣಿ ಇರಬಹುದು ಎಂಬ ಅನುಮಾನವಿದ್ದರೂ, ಮಗುವಿಗೆ ಹಾಲೂಡಿಸುತ್ತಿದ್ದರೂ, ಚುಚ್ಚುಮದ್ದಿಗೆ ಮೊದಲೇ ಹೇಳಲೇಬೇಕು. ಸಂಕೋಚ ಬೇಡ.

ಅಜ್ಜಿಯನ್ನು ಮುಟ್ಟಬಹುದೇ? ಸ್ಕ್ಯಾನ್ ಮುಗಿಸಿ ಬಂದವರು ಮನೆಯಲ್ಲಿ ಎಂದಿನಂತೆ ಇರಬಹುದು. ಆ ದಿನದ ಮಟ್ಟಿಗೆ ಎಳೆಯ ಮಕ್ಕಳನ್ನು ಬಹಳ ಹೊತ್ತು ತೊಡೆಯ ಮೇಲೆ ಕೂರಿಸಿಕೊಳ್ಳದಿದ್ದರೆ ಒಳ್ಳೆಯದು. ಹೆಚ್ಚು ಪ್ರಮಾಣದ ಅಯೋಡಿನ್ ಚಿಕಿತ್ಸೆಯಲ್ಲಿ ಮಾತ್ರ ಕೆಲವು ದಿನ ಆಸ್ಪತ್ರೆಯ ಪ್ರತ್ಯೇಕ ಕೋಣೆ. ಮನೆಗೆ ಬಂದ ಮೇಲೂ ವೈದ್ಯರು ಹೇಳಿದಷ್ಟು ದಿನ ಬೇರೆ ಹಾಸಿಗೆ, ಬೇರೆ ತಟ್ಟೆ-ಲೋಟ. ಮಕ್ಕಳು, ಗರ್ಭಿಣಿಯರಿಂದ ದೂರ.

ಇಲ್ಲಿ ಒಂದು ಮಾತು ಹೇಳಲೇಬೇಕು. ಬೇರೆ ತಟ್ಟೆ, ಬೇರೆ ಹಾಸಿಗೆ ಎಂದೊಡನೆ ನಮ್ಮ ಮನೆಗಳಲ್ಲಿ ಅದು ಮೈಲಿಗೆಯ ರೂಪ ತಾಳುತ್ತದೆ. ಚಿಕಿತ್ಸೆ ಪಡೆದ ಸೊಸೆಯನ್ನೋ ಅತ್ತಿಗೆಯನ್ನೋ ತಿಂಗಳುಗಟ್ಟಲೆ ಅಡುಗೆಮನೆಯ ಹೊರಗೆ ಇಡುವುದು, ನೆರೆಹೊರೆಯಲ್ಲಿ ಪಿಸುಮಾತಾಡುವುದು ಬೇಡ. ಇದು ಅಂಟುರೋಗವೂ ಅಲ್ಲ, ಮೈಲಿಗೆಯೂ ಅಲ್ಲ. ದಿನಗಳ ಲೆಕ್ಕ ಅಷ್ಟೆ. ವೈದ್ಯರು ಹೇಳಿದ ದಿನ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಕೂತು ಉಣ್ಣಬಹುದು. ಹಿರಿಯರಿಗೆ ಇದನ್ನು ಮೆಲ್ಲಗೆ, ಮರ್ಯಾದೆಯಿಂದ ಹೇಳುವ ಕೆಲಸ ನಿಮ್ಮದು.

ಕೊನೆಗೆ ಓದುತ್ತಿರುವವರಿಗೆ ಒಂದು ಸೂಚನೆ. ಈ ಕ್ಷೇತ್ರಕ್ಕೆ ವೈದ್ಯರಷ್ಟೇ ಸಾಲದು. ಮದ್ದು ತಯಾರಿಸುವ ರಸಾಯನಶಾಸ್ತ್ರಜ್ಞರು, ವಿಕಿರಣದ ಲೆಕ್ಕ ನೋಡುವ ಭೌತಶಾಸ್ತ್ರಜ್ಞರು, ಕ್ಯಾಮೆರಾ ನಡೆಸುವ ತಂತ್ರಜ್ಞರು ಬೇಕು. ಎಂಜಿನಿಯರಿಂಗ್, ಎಂ.ಬಿ.ಬಿ.ಎಸ್. ಎರಡೇ ದಾರಿ ಎಂದುಕೊಂಡವರು ಇತ್ತ ಒಮ್ಮೆ ಕಣ್ಣು ಹಾಯಿಸಿ.

‘ಅರ್ಧಾಯುಷ್ಯ’, ‘ವಿಕಿರಣ’ ಎಂಬ ಶಬ್ದಗಳು ನಿಮ್ಮ ಬಾಯಿಗೆ ಕಷ್ಟವಾದರೆ ಬೇಡ. ‘ಅಜ್ಜಿ, ಇದು ಸ್ವಲ್ಪ ಹೊತ್ತು ಉರಿದು ಆರಿಹೋಗುವ ದೀಪ, ಅದರ ಬೆಳಕಿನಲ್ಲಿ ಡಾಕ್ಟರು ಒಳಗೆ ನೋಡುತ್ತಾರೆ’ ಎಂದು ಮನೆಮಾತಿನಲ್ಲಿ ಹೇಳಿ ಕೈಹಿಡಿದು ಕರೆದುಕೊಂಡು ಹೋಗಿ. ಅಷ್ಟು ಕನ್ನಡ ನಿಮಗೆ ಖಂಡಿತ ಬರುತ್ತದೆ.